ಮೊದಲ ಪೆಟ್ರೋಲ್ ಹೆಲಿಕಾಪ್ಟರ್: ಬಿಡಿಭಾಗ ಆರಿಸಿದ ಒಂಬತ್ತು ವಾರ

ವಾರ 1

ನಾಲ್ಕು ವರ್ಷ ರಿಮೋಟಿನಿಂದ ಹಾರಿಸುವ ಎಲೆಕ್ಟ್ರಿಕ್ ಮಾದರಿ ಹೆಲಿಕಾಪ್ಟರ್ ಹಾರಿಸಿದೆ, ಆಮೇಲೆ ಎರಡು ವರ್ಷ ನೈಟ್ರೊ, ಅಂದರೆ ಮೆಥನಾಲ್ ಮೂಲದ ಇಂಧನದ್ದು. ಈಗ ಪೆಟ್ರೋಲ್‌ಗೆ ಕೈ ಹಾಕುತ್ತಿದ್ದೇನೆ. ಆಸೆ ಹುಟ್ಟಿಸಿದ್ದು ಹಾರಾಟದ ಅವಧಿ. 90 ಸೈಜಿನ (ಸುಮಾರು 15 ಸಿಸಿ ಎಂಜಿನ್‌ನ) ನೈಟ್ರೊ ಹೆಲಿಕಾಪ್ಟರ್‌ಗೆ ಒಂದು ಟ್ಯಾಂಕ್ ತುಂಬಿಸಿದರೆ ಏಳೆಂಟು ನಿಮಿಷ. ಅದೇ ಅಳತೆಯ ಪೆಟ್ರೋಲ್ ಹೆಲಿಕಾಪ್ಟರ್ ಸುಮಾರು ಅರ್ಧ ಲೀಟರ್‌ನಲ್ಲಿ ಹದಿನೈದರಿಂದ ಇಪ್ಪತ್ತು ನಿಮಿಷ ಹಾರುತ್ತದೆ. ಇದಕ್ಕೆ ಕಾರಣ ಸರಳ. ತೂಕದ ಲೆಕ್ಕದಲ್ಲಿ ಒಂದು ಭಾಗ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಭಾಗ ಗಾಳಿ ಬೇಕು, ನೈಟ್ರೊ ಇಂಧನದ ಮೂಲವಾದ ಮೆಥನಾಲ್‌ಗೆ 6.5 ಸಾಕು. ಅಂದರೆ ಅಷ್ಟೇ ಗಾಳಿ ಎಳೆದುಕೊಂಡ ಎಂಜಿನ್ ಮೆಥನಾಲ್ ಆದರೆ ಎರಡು ಪಟ್ಟಿಗಿಂತ ಹೆಚ್ಚು ಕುಡಿಯುತ್ತದೆ.

ಬಿಡಿಭಾಗಗಳ ಪಟ್ಟಿ ಬರೆಯಲು ಕೂತೆ. ಎಲೆಕ್ಟ್ರಿಕ್‌ನ ಅಭ್ಯಾಸದಂತೆ ಮೊದಲು ಬರೆದದ್ದು ಫ್ಲೈಬಾರ್‌ಲೆಸ್ ಕಂಟ್ರೋಲರ್ (ಹಾರಾಟ ಸ್ಥಿರವಾಗಿಡುವ ಎಲೆಕ್ಟ್ರಾನಿಕ್ ಪೆಟ್ಟಿಗೆ), ಆಮೇಲೆ ಸರ್ವೊ (ನಿಯಂತ್ರಣದ ತೋಳು ತಿರುಗಿಸುವ ಸಣ್ಣ ಮೋಟಾರು), ಆಮೇಲೆ ಬ್ಲೇಡು, ಕೊನೆಗೆ ಎಂಜಿನ್. ನನಗೆ ಹಾರಿಸಲು ಕಲಿಸಿದ ಹಿರಿಯರಿಗೆ ತೋರಿಸಿದೆ. ಅವರು ಪಟ್ಟಿ ಓದಿ, "ಕೆಳಗಿಂದ ಮೇಲಕ್ಕೆ ಓದಪ್ಪ, ಆಗ ಸರಿ ಹೋಗುತ್ತೆ" ಅಂದರು. ಪೆಟ್ರೋಲ್ ಎಂಜಿನ್ ನಡುಗುತ್ತದೆ, ಕಿಡಿ ಹಾರಿಸುತ್ತದೆ, ಥ್ರಾಟಲ್ ಕೊಟ್ಟರೆ ಒಂದು ಕ್ಷಣ ತಡೆದು ಏಳುತ್ತದೆ. ಉಳಿದ ಭಾಗಗಳನ್ನೆಲ್ಲ ಈ ಮೂರಕ್ಕೆ ಹೊಂದುವಂತೆ ಆರಿಸಬೇಕು ಅನ್ನುವುದು ಅವರ ಮಾತು. ಹಳೇ ಪಟ್ಟಿ ಬಿಟ್ಟು ಹೊಸದು ಬರೆದೆ.

ವಾರ 2

ಎಂಜಿನ್ ವಿಷಯದಲ್ಲಿ ನನ್ನ ಮುಂದೆ ಎರಡು ದಾರಿ ಇದ್ದವು. ಒಂದು 15 ಸಿಸಿ ವರ್ಗ. ಓ.ಎಸ್. ಕಂಪನಿಯ ಜಿಟಿ15ಎಚ್‌ಝಡ್ ಈ ಜಾತಿಯದು. 90 ಸೈಜಿನ ನೈಟ್ರೊ ಚೌಕಟ್ಟಿಗೆ ಹೊಂದುವಂಥದ್ದು, ಹಗುರ. ಆದರೆ ಅದರ ಇಗ್ನಿಷನ್ (ಕಿಡಿ ಕೊಡುವ ಭಾಗ) ಎಲೆಕ್ಟ್ರಾನಿಕ್, ಬ್ಯಾಟರಿಯಿಂದ ನಡೆಯುತ್ತದೆ. ಇನ್ನೊಂದು ಝೆನೋವಾ ಕಂಪನಿಯ 20 ಸಿಸಿಗಿಂತ ದೊಡ್ಡ ಎಂಜಿನ್‌ಗಳು. ಇವು ಕಳೆ ಕತ್ತರಿಸುವ ಯಂತ್ರದ ಎಂಜಿನ್‌ಗಳ ಬಳಗದವು. ಹಗ್ಗ ಎಳೆದು ಸ್ಟಾರ್ಟ್ ಮಾಡುವುದು, ಡಯಾಫ್ರಂ (ತೆಳು ಪೊರೆ) ಇರುವ ವಾಲ್‌ಬ್ರೊ ಕಂಪನಿಯ ಕಾರ್ಬೊರೇಟರ್, ಮ್ಯಾಗ್ನೆಟೊ ಇಗ್ನಿಷನ್. ಫ್ಲೈವೀಲ್‌ನಲ್ಲಿರುವ ಅಯಸ್ಕಾಂತ ಪ್ರತಿ ಸುತ್ತಿಗೂ ಕಾಯಿಲ್ ಮುಂದೆ ಹಾದುಹೋಗುತ್ತದೆ, ಅದರಿಂದಲೇ ಕಿಡಿ. ಬ್ಯಾಟರಿ ಬೇಡ.

ಮೊದಲ ಪೆಟ್ರೋಲ್ ಯಂತ್ರಕ್ಕೆ ನನಗೆ ಮ್ಯಾಗ್ನೆಟೊ ಸರಿ ಅನ್ನಿಸಿತು. ಇನ್ನೊಂದು ಬ್ಯಾಟರಿ, ಇನ್ನೊಂದು ಸ್ವಿಚ್, ಇನ್ನೊಂದು ವೈರು ಕಡಿಮೆ ಆದಷ್ಟೂ ತೊಂದರೆ ಹುಡುಕುವ ಜಾಗಗಳೂ ಕಡಿಮೆ. ಭಾರ ಜಾಸ್ತಿ, ಅದನ್ನು ಒಪ್ಪಿಕೊಂಡೆ. ನಾನು ಮಾಡಲು ಹೊರಟಿರುವುದು ತಲೆಕೆಳಗಾಗಿ ತಿರುಗುವ ಸಾಹಸವಲ್ಲ. ದೀರ್ಘವಾದ, ಸಮಾಧಾನದ ಹಾರಾಟ.

ಜಿ231 ಮತ್ತು ಜಿ260 ನಡುವೆ ಎರಡು ದಿನ ತೂಗಿ ನೋಡಿದೆ. ಎರಡರ ಸ್ಟ್ರೋಕೂ 28 ಮಿ.ಮೀ. ಸಿಲಿಂಡರ್ ವ್ಯಾಸ ಮಾತ್ರ ಬೇರೆ: ಒಂದರದು 32, ಇನ್ನೊಂದರದು 34 ಮಿ.ಮೀ. ಎರಡೇ ಮಿಲಿಮೀಟರ್ ವ್ಯತ್ಯಾಸಕ್ಕೆ 22.5 ಸಿಸಿ ಹೋಗಿ 25.4 ಸಿಸಿ ಆಗುತ್ತದೆ. ದೊಡ್ಡದನ್ನೇ ತೆಗೆದುಕೊಂಡೆ. ಅದನ್ನು ಹಿಂಡದೆ, ಆರಾಮವಾಗಿ ದುಡಿಸಬೇಕು ಅಂತ ನನ್ನ ಇಷ್ಟ. ಹೆಚ್ಚು ಶಕ್ತಿಗಾಗಿ ಹಾಕುವ ಟ್ಯೂನ್ಡ್ ಪೈಪೆಂಬ ಹೊಗೆಕೊಳವೆಯ ಗೋಜಿಗೂ ಹೋಗಲಿಲ್ಲ, ಹೆಲಿಕಾಪ್ಟರ್‌ಗೆಂದು ಬರುವ ಸಾಮಾನ್ಯ ಮಫ್ಲರ್ ಸಾಕು.

ವಾರ 3

ಗೇರಿನ ಲೆಕ್ಕ. ಕಿಟ್‌ನ ಮೇನ್ ಗೇರಿಗೆ (ರೋಟರ್ ತಿರುಗಿಸುವ ದೊಡ್ಡ ಗೇರು) 90 ಹಲ್ಲು. ಅದನ್ನು ತಿರುಗಿಸುವ, ಕ್ಲಚ್ ಬೆಲ್‌ನ ಪಿನಿಯನ್ (ಎಂಜಿನ್ ಕಡೆಯ ಚಿಕ್ಕ ಗೇರು) 12 ಅಥವಾ 13 ಹಲ್ಲಿನದು ಸಿಗುತ್ತದೆ. ಎಂಜಿನ್ 12,000 ಆರ್‌ಪಿಎಂನಲ್ಲಿ ಓಡಿದರೆ 12ರ ಪಿನಿಯನ್‌ಗೆ ರೋಟರ್ ವೇಗ 1,600, 13ರದಕ್ಕೆ ಸುಮಾರು 1,730. ಪೆಟ್ರೋಲ್ ಎಂಜಿನ್ ತನ್ನ ಶಕ್ತಿ ಕೊಡುವ ವೇಗ ಬಿಟ್ಟು ಕೆಳಗೆ ಬಂದರೆ ಮತ್ತೆ ಏಳಲು ಹೊತ್ತು ತೆಗೆದುಕೊಳ್ಳುತ್ತದೆ. ದೊಡ್ಡ ಪಿನಿಯನ್ ಹಾಕಿ ಎಂಜಿನ್ ಮೇಲೆ ಹೊರೆ ಹೇರುವುದಕ್ಕಿಂತ ಚಿಕ್ಕದು ಹಾಕಿ ಅದನ್ನು ತನ್ನ ಗತಿಯಲ್ಲಿ ಬಿಡುವುದೇ ಒಳ್ಳೆಯದು. 12 ಹಲ್ಲಿನದು ಸಾಕು. ರೋಟರ್ ನಿಧಾನವಾದ್ದರಿಂದ ಬ್ಲೇಡು 710 ಮಿ.ಮೀ. ಕಾರ್ಬನ್.

ವಾರ 4: ಫ್ಯಾನ್

ಈ ವಾರದ ಕೆಲಸವೇ ಇಡೀ ಯೋಜನೆಯ ಮುಖ್ಯ ಕೆಲಸ ಅಂತ ನನಗೆ ಈಗ ಗೊತ್ತಾಗಿದೆ.

ವಿಮಾನದಲ್ಲಾದರೆ ಮುಂದಿನ ಪ್ರೊಪೆಲ್ಲರ್ ಗಾಳಿಯೇ ಎಂಜಿನ್ನನ್ನು ತಣ್ಣಗಿಡುತ್ತದೆ. ಹೆಲಿಕಾಪ್ಟರ್ ಒಂದೇ ಕಡೆ ನಿಂತು ಹಾರುವಾಗ ಎಂಜಿನ್‌ಗೆ ಬೇಕಾದಷ್ಟು ಗಾಳಿ ತಾನಾಗಿ ಬರುವುದಿಲ್ಲ. ಅದಕ್ಕೇ ಫ್ಲೈವೀಲ್ ಮೇಲೆ ಫ್ಯಾನ್, ಸುತ್ತ ಕವಚ. ಫ್ಯಾನ್ ಮೇಲೆ ಕ್ಲಚ್. ಈ ಗುಂಪು ಎಂಜಿನ್ ಜೊತೆಗೇ 12,000 ಆರ್‌ಪಿಎಂನಲ್ಲಿ, ಅಂದರೆ ಸೆಕೆಂಡಿಗೆ 200 ಸಲ ತಿರುಗುತ್ತದೆ. ನನ್ನ ಫ್ಯಾನ್ ಮತ್ತು ಕ್ಲಚ್ ಸೇರಿ ತೂಗಿದರೆ ಸುಮಾರು 150 ಗ್ರಾಂ. ಅದರ ಕೇಂದ್ರ 0.05 ಮಿ.ಮೀ. ಪಕ್ಕಕ್ಕೆ ಸರಿದಿದ್ದರೂ ಆ ವೇಗದಲ್ಲಿ ಸುಮಾರು 12 ನ್ಯೂಟನ್, ಅಂದರೆ ಒಂದೂಕಾಲು ಕಿಲೋ ತೂಕದಷ್ಟು ಬಲ ಪ್ರತಿ ಸುತ್ತಿಗೂ ಬೇರಿಂಗನ್ನು ಒಂದು ಸುತ್ತು ಎಳೆದಾಡುತ್ತದೆ. ಒಂದು ಕೂದಲೆಳೆಯ ದಪ್ಪಕ್ಕಿಂತ ಕಡಿಮೆ ತಪ್ಪಿಗೆ ಇಷ್ಟು ದಂಡ.

ಸೂಕ್ಷ್ಮ ಓಲಾಟ ಅಳೆಯುವ ಡಯಲ್ ಗೇಜನ್ನು ಕಬ್ಬಿಣದ ಹಲಗೆಯ ಮೇಲೆ ಮ್ಯಾಗ್ನೆಟ್ ಸ್ಟ್ಯಾಂಡ್‌ನಲ್ಲಿ ನಿಲ್ಲಿಸಿ, ಎಂಜಿನ್ನನ್ನು ಪಕ್ಕದಲ್ಲೇ ಬೋಲ್ಟ್ ಹಾಕಿ ಬಿಗಿದೆ. ಸ್ಪಾರ್ಕ್ ಪ್ಲಗ್ ತೆಗೆದೆ, ಇಲ್ಲದಿದ್ದರೆ ಕಂಪ್ರೆಷನ್ ಬಂದಾಗ ಕೈ ತಡೆದು ಮುಳ್ಳು ಹಾರುತ್ತದೆ. ಗೇಜಿನ ತುದಿ ಕ್ಲಚ್ ಕೂರುವ ಜಾಗಕ್ಕೆ ಮುಟ್ಟಿಸಿ ನಿಧಾನವಾಗಿ ಒಂದು ಸುತ್ತು ತಿರುಗಿಸಿದೆ. ಮುಳ್ಳು 0.11 ಮಿ.ಮೀ. ಓಡಿತು. ಬೋಲ್ಟು ಬಿಚ್ಚಿ ಫ್ಯಾನ್ ಎತ್ತಿ ನೋಡಿದರೆ ಫ್ಲೈವೀಲ್‌ನ ಮುಖದ ಮೇಲೆ, ಒಂದು ಬೋಲ್ಟ್ ತೂತಿನ ಅಂಚಿಗೆ, ಎರಕದ ಸಣ್ಣ ಉಬ್ಬು. ಕಣ್ಣಿಗೆ ಕಾಣದಷ್ಟು, ಉಗುರಿಗೆ ಮಾತ್ರ ತಾಗುವಷ್ಟು. ಎಣ್ಣೆ ಹಚ್ಚಿದ ಕಲ್ಲಿನಲ್ಲಿ ನಾಲ್ಕು ಸಲ ಉಜ್ಜಿ ಮತ್ತೆ ಕೂರಿಸಿದೆ: 0.07. ಫ್ಯಾನನ್ನು ಒಂದು ಬೋಲ್ಟ್ ತೂತಿನಷ್ಟು ತಿರುಗಿಸಿ ಕೂರಿಸಿದೆ: 0.04. ಇನ್ನೊಂದು ತೂತು: 0.06. ಹಿಂದಕ್ಕೆ ಬಂದು, ಬೋಲ್ಟುಗಳನ್ನು ಎದುರು ಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯುತ್ತಾ ಪ್ರತಿ ಸಲವೂ ಗೇಜು ನೋಡುತ್ತಾ 0.03ಕ್ಕೆ ತಂದೆ. ಆಮೇಲೆ ಒಂದೊಂದೇ ಬೋಲ್ಟು ತೆಗೆದು ಥ್ರೆಡ್ ಲಾಕ್ ಅಂಟು ಹಚ್ಚಿ ಅದೇ ಜಾಗಕ್ಕೆ ಬಿಗಿದೆ. ಎಲ್ಲ ಮುಗಿದ ಮೇಲೆ ಮತ್ತೊಮ್ಮೆ ತಿರುಗಿಸಿದೆ, 0.03ರಲ್ಲೇ ನಿಂತಿತ್ತು. ಒಂದು ಇಡೀ ಸಂಜೆ ಹಿಡಿಯಿತು.

ನಡುಕಕ್ಕೆ ಗೈರೊ (ಹೆಲಿಕಾಪ್ಟರ್ ತಿರುಗುವುದನ್ನು ಅಳೆಯುವ ಸಾಧನ) ಬದಲಿಸುವುದು, ಅದರ ಅಡಿಯ ಟೇಪ್ ಬದಲಿಸುವುದು ಎಲ್ಲ ಆಮೇಲಿನ ಮಾತು. ನಡುಕ ಹುಟ್ಟುವ ಜಾಗ ಇದು.

ವಾರ 5

ಇಂಧನದ ಪೈಪು. ನೈಟ್ರೊದಿಂದ ಉಳಿದಿದ್ದ ಸಿಲಿಕೋನ್ ಪೈಪು ಡಬ್ಬದ ತುಂಬ ಇದೆ. ಪೆಟ್ರೋಲ್‌ಗೆ ಅದು ಆಗುವುದಿಲ್ಲ ಅಂತ ಓದಿದ್ದೆ. ಎಷ್ಟರ ಮಟ್ಟಿಗೆ ಅಂತ ಕಣ್ಣಾರೆ ನೋಡಬೇಕು ಅನ್ನಿಸಿತು. 50 ಮಿ.ಮೀ. ತುಂಡು ಕತ್ತರಿಸಿ, ಮುಚ್ಚಳವಿರುವ ಗಾಜಿನ ಶೀಶೆಯಲ್ಲಿ ಪೆಟ್ರೋಲ್ ಹಾಕಿ, ಮನೆಯ ಹೊರಗೆ ನೆರಳಲ್ಲಿ ಇಟ್ಟೆ. ಮರುದಿನ ಬೆಳಿಗ್ಗೆ ತೆಗೆದರೆ 60 ಮಿ.ಮೀ. ಹತ್ತಿರ ಬೆಳೆದಿದೆ, ಮೆತ್ತಗಾಗಿದೆ, ಎಳೆದರೆ ನೆನೆದ ನೂಲಿನ ಹಾಗೆ ಕಿತ್ತು ಬಂತು. ಇದೇ ಪೈಪು ಹಾರುವಾಗ ಕಾರ್ಬೊರೇಟರ್‌ನ ಮೂತಿಯಿಂದ ಜಾರಿದರೆ ಬಿಸಿ ಮಫ್ಲರ್ ಪಕ್ಕದಲ್ಲೇ ಪೆಟ್ರೋಲ್ ಚಿಮ್ಮುತ್ತದೆ.

ಟೈಗಾನ್ ಪೈಪು ತರಿಸಿದೆ, ಪೆಟ್ರೋಲ್‌ಗೆಂದೇ ಇರುವ ಹಳದಿ ಬಣ್ಣದ್ದು. ಟ್ಯಾಂಕಿನ ಬಿರಡೆ ಕೂಡ ಪೆಟ್ರೋಲ್ ತಡೆಯುವ ರಬ್ಬರಿನದೇ ಆಗಬೇಕು, ಇದನ್ನು ಎಷ್ಟೋ ಜನ ಮರೆಯುತ್ತಾರೆ. ಟ್ಯಾಂಕ್ ಒಳಗಿನ ಪೈಪಿನ ತುದಿಗೆ ಫೆಲ್ಟ್ ಬಟ್ಟೆಯ ಫಿಲ್ಟರ್ ಇರುವ ತೂಕದ ಗುಂಡು. ನೈಟ್ರೊದಲ್ಲಿ ಮಾಡುವಂತೆ ಮಫ್ಲರ್‌ನಿಂದ ಟ್ಯಾಂಕಿಗೆ ಒತ್ತಡದ ಪೈಪು ಬೇಡ. ಎಂಜಿನ್ ಹೊಟ್ಟೆಯೊಳಗಿನ ಗಾಳಿಯ ಏರಿಳಿತದಿಂದಲೇ ಕಾರ್ಬೊರೇಟರ್‌ನ ಪಂಪು ನಡೆದು ಇಂಧನ ಎಳೆದುಕೊಳ್ಳುತ್ತದೆ. ಟ್ಯಾಂಕಿಗೆ ಉಸಿರಾಡಲು ಒಂದು ತೆರೆದ ಪೈಪು ಸಾಕು. ಆದರೆ ಕಾರ್ಬೊರೇಟರ್ ಪಕ್ಕದ ಮುಚ್ಚಳದಲ್ಲಿ ಸೂಜಿಮೊನೆಯಷ್ಟು ಒಂದು ತೂತು ಇರುತ್ತದೆ. ಫ್ಯಾನಿನ ಗಾಳಿ ನೇರ ಅದಕ್ಕೆ ಬಡಿದರೆ ಡಯಾಫ್ರಂ ಮೇಲಿನ ಒತ್ತಡ ಬದಲಾಗಿ ಮಿಶ್ರಣ ಕೆಡುತ್ತದೆ. ಅದಕ್ಕೆ ಅಡ್ಡವಾಗಿ ಸಣ್ಣ ತಗಡಿನ ಮರೆ ಮಾಡಿ ಹಾಕಿದೆ.

ಎಣ್ಣೆ 32ಕ್ಕೆ 1. ಐದು ಲೀಟರ್ ಪೆಟ್ರೋಲ್‌ಗೆ 156 ಮಿ.ಲೀ. ಟೂ ಸ್ಟ್ರೋಕ್ ಎಣ್ಣೆ. ಎಥನಾಲ್ ಬೆರೆತ ಪೆಟ್ರೋಲ್ ನೀರು ಹೀರುತ್ತದೆ, ಡಯಾಫ್ರಂಗೂ ಒಳ್ಳೆಯದಲ್ಲ. ಹಾಗಾಗಿ ದಿನದ ಹಾರಾಟ ಮುಗಿದ ಮೇಲೆ ಟ್ಯಾಂಕ್ ಬರಿದು ಮಾಡಿ, ಕಾರ್ಬೊರೇಟರ್‌ನಲ್ಲಿ ಉಳಿದದ್ದನ್ನು ಓಡಿಸಿ ಮುಗಿಸುವುದು ಅಂತ ಈಗಲೇ ನಿಯಮ ಮಾಡಿಕೊಂಡಿದ್ದೇನೆ.

ವಾರ 6

ಎಲೆಕ್ಟ್ರಾನಿಕ್ಸ್. ಸ್ವಾಶ್‌ಪ್ಲೇಟ್‌ಗೆ (ರೋಟರ್ ಬ್ಲೇಡುಗಳ ಓರೆ ಬದಲಿಸುವ ತಟ್ಟೆ) ಮೂರು ಮೆಟಲ್ ಗೇರಿನ ಡಿಜಿಟಲ್ ಸರ್ವೊ, 12 ಕಿಲೋ-ಸೆಂ.ಮೀ. ಮೇಲಿನ ತಿರುಚುಬಲದವು. ಬಾಲಕ್ಕೆ 760 ಮೈಕ್ರೋಸೆಕೆಂಡ್‌ನ ಸರ್ವೊ, ಅಂದರೆ ಅದಕ್ಕೆ ನಡು ಸ್ಥಾನ ತಿಳಿಸುವ ಸಂಕೇತದ ಉದ್ದ ಅಷ್ಟು. ಕಂಟ್ರೋಲರ್‌ನಲ್ಲಿ 760 ಅಂತ ಆರಿಸಿದ ಮೇಲೆಯೇ ಅದರ ಪ್ಲಗ್ ಸಿಕ್ಕಿಸಬೇಕು. ಸಾಮಾನ್ಯ ಸರ್ವೊಗಳ ಅಳತೆಯಾದ 1520ರಲ್ಲಿ ಬಿಟ್ಟರೆ ಸರ್ವೊ ಒಂದು ಕೊನೆಗೆ ಹೋಗಿ ಒತ್ತಿಕೊಂಡು ಸುಟ್ಟುಹೋಗಬಹುದು. ಬ್ಯಾಟರಿ ಎರಡು ಸೆಲ್ಲಿನ ಲೈಫೆ (ಲಿಥಿಯಂ ಐರನ್ ಫಾಸ್ಫೇಟ್), 6.6 ವೋಲ್ಟ್, ವೋಲ್ಟ್ ತಗ್ಗಿಸುವ ರೆಗ್ಯುಲೇಟರ್ ಇಲ್ಲದೆ ನೇರವಾಗಿ.

ಕಂಟ್ರೋಲರ್‌ಗೆ ಫುಟಾಬಾದ ಸಿಜಿವೈ750. ರೋಟರ್ ವೇಗ ಒಂದೇ ಸಮ ಇಡುವ ಗವರ್ನರ್ ಅದರೊಳಗೇ ಇರುವುದು ನನಗೆ ಬೇಕಾಗಿತ್ತು. ಪೆಟ್ರೋಲ್ ಎಂಜಿನ್ ಥ್ರಾಟಲ್‌ಗೆ ತಡವಾಗಿ ಓಗೊಡುತ್ತದೆ. ಗವರ್ನರ್ ಆತುರ ಪಟ್ಟರೆ ಅದು ಕೊಟ್ಟದ್ದು ಎಂಜಿನ್‌ಗೆ ತಲುಪುವಷ್ಟರಲ್ಲಿ ಇನ್ನಷ್ಟು ಕೊಟ್ಟಿರುತ್ತದೆ, ಆಮೇಲೆ ಹಿಂದಕ್ಕೆ ಎಳೆಯುತ್ತದೆ, ರೋಟರ್ ಸದ್ದು ಏರಿಳಿಯುತ್ತಲೇ ಇರುತ್ತದೆ. ಗೇನ್, ಅಂದರೆ ಗವರ್ನರ್‌ನ ಚುರುಕು, ನೈಟ್ರೊಗಿಂತ ಕಡಿಮೆ ಇಟ್ಟು ಶುರು ಮಾಡುತ್ತೇನೆ. ಗೈರೊ ಭಾಗವನ್ನು ಮೆತ್ತನೆ ಟೇಪು, ಒಂದು ತೆಳು ಉಕ್ಕಿನ ತಗಡು, ಮತ್ತೆ ಮೆತ್ತನೆ ಟೇಪು ಹೀಗೆ ಅಡುಕಿ ಅಂಟಿಸಿದ್ದೇನೆ. ವೈರುಗಳನ್ನು ಬಿಗಿಯದೆ ಸಡಿಲ ಬಿಟ್ಟಿದ್ದೇನೆ. ವೈರು ಬಿಗಿಯಾದರೆ ನಡುಕ ಅದರ ಮೂಲಕವೇ ಒಳಗೆ ಹೋಗುತ್ತದೆ.

ವಾರ 8

ಕಳೆದ ವಾರ ಬರೆಯಲು ಏನೂ ಇರಲಿಲ್ಲ, ಜೋಡಣೆಯೇ ನಡೆಯಿತು. ಈ ಭಾನುವಾರ ಮೊದಲ ಸಲ ಸ್ಟಾರ್ಟ್ ಮಾಡಿದೆ. ಬ್ಲೇಡುಗಳನ್ನು ಬಿಚ್ಚಿಟ್ಟು, ಸ್ಕಿಡ್‌ಗಳನ್ನು ಹಲಗೆಗೆ ಕಟ್ಟಿ, ಕ್ಲಚ್ ಹಿಡಿಯದಷ್ಟು ನಿಧಾನದ ಐಡಲ್‌ನಲ್ಲಿ ಮಾತ್ರ. ಕಾರ್ಬೊರೇಟರ್‌ನಲ್ಲಿ ಇಂಧನದ ಪ್ರಮಾಣ ಹೊಂದಿಸುವ ಸೂಜಿಗಳಲ್ಲಿ ಲೋ ಸೂಜಿ ಒಂದೂಕಾಲು ಸುತ್ತು, ಹೈ ಸೂಜಿ ಒಂದೂವರೆ ಸುತ್ತು ಬಿಚ್ಚಿದ್ದೆ. ಚೋಕ್ ಹಾಕಿ ಆರನೇ ಎಳೆತಕ್ಕೆ ಒಮ್ಮೆ ಗುಡುಗಿ ನಿಂತಿತು. ಚೋಕ್ ತೆಗೆದು ಎರಡನೇ ಎಳೆತಕ್ಕೆ ಹಿಡಿದುಕೊಂಡಿತು. ಆ ಸದ್ದಿಗೆ ಮೈ ಜುಮ್ಮೆಂದಿತು, ಇದನ್ನು ಬರೆಯುವಾಗಲೂ ಕಿವಿಯಲ್ಲಿದೆ.

ಅರ್ಧ ನಿಮಿಷದಲ್ಲೇ ಥ್ರಾಟಲ್ ಸರ್ವೊ ಮಿಡುಕಲು ಶುರುವಾಯಿತು. ಟ್ರಾನ್ಸ್‌ಮಿಟರ್‌ನ ಸ್ಟಿಕ್ ಮುಟ್ಟದೆ ಇದ್ದರೂ ಸರ್ವೊ ತೋಳು ಸಣ್ಣಗೆ ಹೊಡೆದುಕೊಳ್ಳುತ್ತಿತ್ತು. ತಕ್ಷಣ ಎಂಜಿನ್ ನಿಲ್ಲಿಸಿದೆ. ಕಾಯಿಲ್‌ನ ವೈರನ್ನು ಎಂಜಿನ್ ಮೈಗೆ ತಾಗಿಸಿ ಕಿಡಿ ಕೊಲ್ಲುವ ಸ್ವಿಚ್ಚನ್ನು ಚೌಕಟ್ಟಿನ ಮೇಲೆ ಕೈಗೆ ಸಿಗುವ ಹಾಗೆ ಇಟ್ಟಿದ್ದು ಕೆಲಸಕ್ಕೆ ಬಂತು.

ಹಿರಿಯರಿಗೆ ಫೋನ್ ಮಾಡಿದೆ. "ಥ್ರಾಟಲ್ ಕಡ್ಡಿ ಯಾವುದರದ್ದು?" ಅಂತ ಮೊದಲು ಕೇಳಿದರು. ಸರ್ವೊದಿಂದ ಕಾರ್ಬೊರೇಟರ್‌ಗೆ ಹೋಗುವ ಆ ಕಡ್ಡಿ ಉಕ್ಕಿನದು. ಕಾರ್ಬೊರೇಟರ್ ತುದಿಯ ಬಾಲ್ ಲಿಂಕ್? ಅದೂ ಲೋಹ. "ಪ್ಲಗ್ ಮೇಲೆ ಆರ್ ಅಕ್ಷರ ಇದೆಯಾ ನೋಡು." ಇರಲಿಲ್ಲ. ಹೊಸದು ಅಂತ ನಾನೇ ಬದಲಾಯಿಸಿ ಹಾಕಿದ್ದ ಪ್ಲಗ್‌ನಲ್ಲಿ ಕಿಡಿಯ ವಿದ್ಯುತ್ ಗದ್ದಲ ತಗ್ಗಿಸುವ ರೆಸಿಸ್ಟರ್ ಇಲ್ಲ. ಕಿಡಿಯ ಗದ್ದಲ ಎಂಜಿನ್ ಮೈಯಿಂದ ಕಡ್ಡಿ ಹಿಡಿದು ನೇರ ಸರ್ವೊಗೆ ಬರುತ್ತಿತ್ತು. 2.4 ಗಿಗಾಹರ್ಟ್ಸ್ ರೇಡಿಯೊ ಇಂಥ ಗದ್ದಲವನ್ನು ಚೆನ್ನಾಗಿ ತಡೆಯುತ್ತದೆ ಅಂತ ನಾನು ನಂಬಿಕೊಂಡಿದ್ದೆ. ರೇಡಿಯೊ ತಡೆದೀತು, ವೈರು ಮತ್ತು ಕಡ್ಡಿಯ ಮೂಲಕ ಬಂದದ್ದನ್ನು ಅದು ತಡೆಯಲಾರದು.

ವಾರ 9

ರೆಸಿಸ್ಟರ್ ಇರುವ ಪ್ಲಗ್ ಹಾಕಿದೆ, ಸಂದು 0.6 ಮಿ.ಮೀ. ಥ್ರಾಟಲ್ ಕಡ್ಡಿಯನ್ನು ನೈಲಾನ್‌ನದಕ್ಕೆ ಬದಲಾಯಿಸಿದೆ, ಎರಡೂ ತುದಿಗೆ ಪ್ಲಾಸ್ಟಿಕ್ ಲಿಂಕ್. ರಿಸೀವರ್ ಮೊದಲು ಟ್ಯಾಂಕಿನ ಹಿಂದೆ ಇತ್ತು, ಕಾಯಿಲ್‌ಗೆ ತೀರ ಹತ್ತಿರ. ಅದನ್ನು ಮೂತಿಗೆ, ಬ್ಯಾಟರಿಯ ಕೆಳಗೆ ಒಯ್ದೆ. ಸರ್ವೊ ವೈರುಗಳು ಪ್ಲಗ್ಗಿನ ವೈರಿಗೆ ಜೊತೆಯಾಗಿ ಸಾಗದಂತೆ ಚೌಕಟ್ಟಿನ ಇನ್ನೊಂದು ಬದಿಗೆ ತಿರುಗಿಸಿ ಕಟ್ಟಿದೆ. ಎಂಜಿನ್ ಹಿಂದೆ, ಬ್ಯಾಟರಿ ಮುಂದೆ ಆದ್ದರಿಂದ ತೂಕವೂ ಮೇನ್ ಶಾಫ್ಟಿನ ಕೆಳಗೇ ಸಮ ಬಂತು. ಟ್ಯಾಂಕ್ ಶಾಫ್ಟಿಗೆ ಹತ್ತಿರ ಇದೆ. ಅರ್ಧ ಲೀಟರ್ ಪೆಟ್ರೋಲ್ ಅಂದರೆ ಹೆಚ್ಚುಕಡಿಮೆ 370 ಗ್ರಾಂ, ಅದು ಖಾಲಿಯಾಗುತ್ತಾ ಹೋದರೂ ಸಮತೋಲ ಜಾಸ್ತಿ ಬದಲಾಗಬಾರದು.

ನಿನ್ನೆ ಸಂಜೆ ಮತ್ತೆ ಸ್ಟಾರ್ಟ್ ಮಾಡಿದೆ, ಈ ಸಲ ನಾಲ್ಕನೇ ಎಳೆತಕ್ಕೆ. ಗೆಳೆಯನನ್ನು ಕಿಲ್ ಸ್ವಿಚ್ ಪಕ್ಕ ಕೂರಿಸಿ, ಸರ್ವೊಗಳ ಮೇಲೇ ಕಣ್ಣಿಡು ಅಂತ ಹೇಳಿ, ಟ್ರಾನ್ಸ್‌ಮಿಟರ್‌ನ ರೇಂಜ್ ಚೆಕ್ (ಸಿಗ್ನಲ್ ಬೇಕೆಂದೇ ತಗ್ಗಿಸಿ ಪರೀಕ್ಷಿಸುವ ಗುಂಡಿ) ಒತ್ತಿಕೊಂಡು ಹಿಂದಕ್ಕೆ ನಡೆದೆ. ಹತ್ತು ಹೆಜ್ಜೆಗೆ ಕೈ ಎತ್ತಿದೆ, ಅವನೂ ಎತ್ತಿದ. ಇಪ್ಪತ್ತಕ್ಕೂ ಅದೇ. ಮೂವತ್ತು ಹೆಜ್ಜೆಗೆ ನಿಂತು ಸ್ವಾಶ್‌ಪ್ಲೇಟನ್ನು ಮೆಲ್ಲಗೆ ಎಡಕ್ಕೆ, ಬಲಕ್ಕೆ, ಮುಂದಕ್ಕೆ ವಾಲಿಸಿದೆ. ಎಂಜಿನ್ ಓಡುತ್ತಲೇ ಇತ್ತು. "ಒಂದೂ ಮಿಡುಕಿಲ್ಲ ಕಣೋ!" ಅಂತ ಅವನು ಅಲ್ಲಿಂದಲೇ ಕೂಗಿದ.

ಬರುವ ಶನಿವಾರ ಬ್ಲೇಡು ಹಾಕುತ್ತೇನೆ. ಮೊದಲ ಎರಡು ಟ್ಯಾಂಕ್ ಹೈ ಸೂಜಿ ಇನ್ನೊಂದು ಕಾಲು ಸುತ್ತು ಬಿಚ್ಚಿ, ನೆಲದಿಂದ ಎರಡು ಮೀಟರ್ ಎತ್ತರದಲ್ಲಿ ನಿಲ್ಲಿಸಿ ಹಾರಿಸುವುದು ಮಾತ್ರ.