ನಿಂತ ಬೆಳಕು, ಓಡುವ ಬೆಳಕು: ರಾತ್ರಿ ಹೊತ್ತಿನ ಲಾಂಗ್ ಎಕ್ಸ್‌ಪೋಷರ್

ರಾತ್ರಿ ಲಾಂಗ್ ಎಕ್ಸ್‌ಪೋಷರ್ (ಕ್ಯಾಮೆರಾದ ಬೆಳಕಿನ ಬಾಗಿಲಾದ ಶಟರ್ ಅನ್ನು ಹಲವು ಸೆಕೆಂಡು ತೆರೆದಿಟ್ಟು ಫೋಟೋ ತೆಗೆಯುವುದು) ಕಲಿಯಲು ಹೊರಟವರಿಗೆ ಮೊದಲು ಸಿಗುವುದು ಸೆಟ್ಟಿಂಗ್‌ಗಳ ಪಟ್ಟಿ. ಐಎಸ್‌ಒ 100, ಎಫ್ 8, 15 ಸೆಕೆಂಡು, ಟ್ರೈಪಾಡ್, ಟೈಮರ್. ಐಎಸ್‌ಒ ಅಂದರೆ ಬೆಳಕಿಗೆ ಕ್ಯಾಮೆರಾ ತೋರುವ ಸಂವೇದನೆ, ಎಫ್ ಸಂಖ್ಯೆ ಅಂದರೆ ಲೆನ್ಸ್‌ನ ಬೆಳಕಿನ ಕಿಂಡಿಯ (ಅಪರ್ಚರ್) ಅಳತೆ, ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು. ಪಟ್ಟಿ ಸರಿಯಾಗಿಯೇ ಇರುತ್ತದೆ. ಆದರೆ ಜಾಗ ಬದಲಾಗಿ ಬೆಳಕು ಬದಲಾಯಿತು ಅಂದರೆ ಅದು ಕೈಕೊಡುತ್ತದೆ. ಯಾವ ಸಂಖ್ಯೆಯನ್ನು ಯಾಕೆ ಬದಲಿಸಬೇಕು ಅಂತ ಗೊತ್ತಾಗದೆ ಕತ್ತಲಲ್ಲಿ ಸುಮ್ನೆ ಡಯಲ್ ತಿರುಗಿಸುತ್ತಾ ನಿಲ್ಲಬೇಕಾಗುತ್ತದೆ. ಹಾಗಾಗಿ ಯಾರು ಕೇಳಿದರೂ ನಾನು ಮೊದಲು ಒಂದೇ ವಿಷಯ ಹೇಳುತ್ತೇನೆ. ರಾತ್ರಿ ಕ್ಯಾಮೆರಾ ಎದುರು ಎರಡು ಬಗೆಯ ಬೆಳಕು ಇರುತ್ತದೆ. ಒಂದು ನಿಂತ ಬೆಳಕು, ಇನ್ನೊಂದು ಓಡುವ ಬೆಳಕು. ಎರಡೂ ಒಂದೇ ರೀತಿ ದಾಖಲಾಗುವುದಿಲ್ಲ.

ನಿಂತ ಬೆಳಕು ಅಂದರೆ ಕಟ್ಟಡ, ಆಕಾಶ, ಬೀದಿದೀಪ ಬಿದ್ದ ಗೋಡೆ, ದಡದ ಕಲ್ಲು. ಇಲ್ಲಿ ಹನಿಹನಿ ಕೂಡಿದರೆ ಹಳ್ಳ. ಶಟರ್ ತೆರೆದಿರುವಷ್ಟು ಹೊತ್ತೂ ಬೆಳಕು, ಫೋಟೋ ದಾಖಲಿಸುವ ಸೆನ್ಸರ್‌ನ ಅದೇ ಜಾಗಕ್ಕೆ ಬಂದು ಸೇರುತ್ತಲೇ ಇರುತ್ತದೆ. 10 ಸೆಕೆಂಡನ್ನು 20 ಮಾಡಿದರೆ ಗೋಡೆ ಒಂದು ಸ್ಟಾಪ್ ಜಾಸ್ತಿ, ಅಂದರೆ ಎರಡರಷ್ಟು ಬೆಳಗುತ್ತದೆ. ಓಡುವ ಬೆಳಕು ಹಾಗಲ್ಲ. ಕಾರಿನ ಹೆಡ್‌ಲೈಟ್ ಸೆನ್ಸರ್‌ನ ಒಂದು ಚುಕ್ಕೆಯ ಮೇಲೆ ಇರುವುದು ಕ್ಷಣಮಾತ್ರ, ಅಷ್ಟರಲ್ಲಿ ಪಕ್ಕದ ಚುಕ್ಕೆಗೆ ಹೋಗಿರುತ್ತದೆ. ನೀವು 5 ಸೆಕೆಂಡು ತೆರೆದಿಡಿ, 30 ಸೆಕೆಂಡು ತೆರೆದಿಡಿ, ಆ ಗೆರೆಯ ಹೊಳಪು ಅಷ್ಟೇ. ಗೆರೆ ಉದ್ದವಾಗುತ್ತದೆ, ಹೊಸ ಗೆರೆಗಳು ಬಂದು ಸೇರುತ್ತವೆ, ಆದರೆ ಹೊಳಪನ್ನು ನಿರ್ಧರಿಸುವುದು ಅಪರ್ಚರ್ ಮತ್ತು ಐಎಸ್‌ಒ. ಅಂದರೆ ಸಮಯ ನಿಂತದ್ದಕ್ಕೆ, ಅಪರ್ಚರ್ ಓಡುವುದಕ್ಕೆ. ರಾತ್ರಿ ಫೋಟೋದ ಹೆಚ್ಚಿನ ಕೈಚಳಕಗಳೆಲ್ಲ ಇದರಿಂದಲೇ ಹುಟ್ಟುತ್ತವೆ.

ಇದು ಹೊಸ ಸಂಗತಿಯೇನಲ್ಲ. 1838ರಲ್ಲಿ, ಫೋಟೋಗ್ರಫಿಯ ಆರಂಭಿಕರಲ್ಲಿ ಒಬ್ಬನಾದ ಲೂಯಿ ಡಾಗೇರ್ ಪ್ಯಾರಿಸ್‌ನ ಒಂದು ಬೀದಿಯನ್ನು ಕಿಟಕಿಯಿಂದ ಸೆರೆಹಿಡಿದ. ಹಗಲು ಹೊತ್ತು, ಗಾಡಿಗಳೂ ಜನರೂ ಓಡಾಡುತ್ತಿದ್ದ ಬೀದಿ. ಆದರೆ ಎಕ್ಸ್‌ಪೋಷರ್ ಕೆಲವು ನಿಮಿಷಗಳಷ್ಟು ಉದ್ದವಿದ್ದದ್ದರಿಂದ ಚಿತ್ರದಲ್ಲಿ ಬೀದಿ ಖಾಲಿ! ಉಳಿದುಕೊಂಡದ್ದು ಮುಖ್ಯವಾಗಿ ಒಬ್ಬನೇ, ಬೂಟು ಪಾಲಿಶ್ ಮಾಡಿಸಿಕೊಳ್ಳಲು ಒಂದೇ ಕಡೆ ನಿಂತಿದ್ದ ಮನುಷ್ಯ. ನಿಂತವನು ಉಳಿದ, ನಡೆದವರು ಅಳಿಸಿಹೋದರು.

ಈಗ ತಯಾರಿ. ಟ್ರೈಪಾಡ್ ಬೇಕೇ ಬೇಕು. ನಡುವಿನ ಕಂಬವನ್ನು ಆದಷ್ಟು ಎತ್ತಬೇಡಿ, ಗಾಳಿಗೆ ಅಲುಗಾಡುವುದು ಅದೇ. ಕ್ಯಾಮೆರಾದ ಪಟ್ಟಿ ನೇತಾಡುತ್ತಿದ್ದರೆ ಬಿಚ್ಚಿಡಿ ಅಥವಾ ಸುತ್ತಿಡಿ. ಲೆನ್ಸ್‌ನ ಸ್ಟೆಬಿಲೈಸೇಷನ್ ಆಫ್ ಮಾಡಿ, ಅಲುಗಾಟವೇ ಇಲ್ಲದಾಗ ಕೆಲವು ಲೆನ್ಸ್‌ಗಳು ತಾವೇ ಅಲುಗಾಟ ತಂದುಬಿಡುತ್ತವೆ. ಬಟನ್ ಒತ್ತುವಾಗಿನ ಅದುರು ತಪ್ಪಿಸಲು 2 ಸೆಕೆಂಡಿನ ಟೈಮರ್ ಸಾಕು. ರಾ ಫೈಲ್‌ನಲ್ಲೇ (ಕ್ಯಾಮೆರಾ ತಿದ್ದದೆ ಹಾಗೆಯೇ ಉಳಿಸುವ ಕಚ್ಚಾ ಫೈಲ್) ತೆಗೆಯಿರಿ. ಸೋಡಿಯಂ ದೀಪ, ಎಲ್‌ಇಡಿ, ಸಂಜೆಯ ನೀಲಿ ಎಲ್ಲವೂ ಒಂದೇ ಫ್ರೇಮಿನಲ್ಲಿ ಬೆರೆತಾಗ ಬಣ್ಣವನ್ನು ಆಮೇಲೆ ಕೂತು ತಿದ್ದುವುದೇ ನೆಮ್ಮದಿ.

ಫೋಕಸ್ ಬಗ್ಗೆ ಮಾತ್ರ ಅವಸರ ಬೇಡ. ಕತ್ತಲಲ್ಲಿ ಆಟೋಫೋಕಸ್ ಹಿಂದೆ ಮುಂದೆ ತಡಕಾಡುತ್ತದೆ. ಲೈವ್ ವ್ಯೂನಲ್ಲಿ (ದೃಶ್ಯವನ್ನು ನೇರವಾಗಿ ಕ್ಯಾಮೆರಾ ಪರದೆಯಲ್ಲೇ ನೋಡುವುದು) ದೂರದ ಒಂದು ದೀಪವನ್ನೋ ಪ್ರಕಾಶಮಾನವಾದ ನಕ್ಷತ್ರವನ್ನೋ ದೊಡ್ಡದು ಮಾಡಿ ನೋಡಿ, ಅದು ಅತಿ ಚಿಕ್ಕ ಚುಕ್ಕೆಯಾಗುವವರೆಗೆ ಫೋಕಸ್ ರಿಂಗ್ ತಿರುಗಿಸಿ, ಆಮೇಲೆ ಮ್ಯಾನ್ಯುಯಲ್‌ನಲ್ಲೇ ಬಿಟ್ಟುಬಿಡಿ. ಲೆನ್ಸ್ ಮೇಲಿರುವ ಅನಂತದ ಗುರುತನ್ನು ನಂಬಬೇಡಿ, ಬಹಳಷ್ಟು ಲೆನ್ಸ್‌ಗಳಲ್ಲಿ ರಿಂಗ್ ಅದನ್ನು ದಾಟಿಯೂ ತಿರುಗುತ್ತದೆ. ಹಾಗೆಯೇ ಪರದೆಯನ್ನೂ ನಂಬಬೇಡಿ. ಕತ್ತಲಿಗೆ ಒಗ್ಗಿದ ಕಣ್ಣಿಗೆ ಮಂಕು ಫೋಟೋ ಕೂಡ ಝಗಮಗ ಅನಿಸುತ್ತದೆ, ಅದಕ್ಕೇ ಹಿಸ್ಟೋಗ್ರಾಂ (ಫೋಟೋದಲ್ಲಿ ಕತ್ತಲೆಷ್ಟು, ಬೆಳಕೆಷ್ಟು ಅಂತ ತೋರಿಸುವ ನಕ್ಷೆ) ನೋಡಬೇಕು.

ನನಗೆ ತುಂಬಾ ಇಷ್ಟವಾದ ಒಂದು ಲೆಕ್ಕ ಇದೆ. ಐಎಸ್‌ಒ 6400ರಲ್ಲಿ 1 ಸೆಕೆಂಡಿನ ಫೋಟೋ ಎಷ್ಟು ಬೆಳಕಾಗಿರುತ್ತದೋ, ಐಎಸ್‌ಒ 100ರಲ್ಲಿ 64 ಸೆಕೆಂಡಿನದ್ದೂ ಅಷ್ಟೇ ಬೆಳಕಾಗಿರುತ್ತದೆ. ಹಾಗಾಗಿ ಕಂಪೋಸಿಷನ್ ನೋಡಲು ಪ್ರತಿ ಸಲ ಒಂದು ನಿಮಿಷ ಕಾಯಬೇಕಿಲ್ಲ. ಐಎಸ್‌ಒ ಏರಿಸಿ, ಒಂದೊಂದೇ ಸೆಕೆಂಡಿನ ಒರಟು ಫೋಟೋಗಳಲ್ಲಿ ಚೌಕಟ್ಟು ಸರಿಮಾಡಿಕೊಳ್ಳಿ, ಕೊನೆಗೆ ಐಎಸ್‌ಒ ಎಷ್ಟು ಪಟ್ಟು ಇಳಿಸಿದಿರೋ ಸಮಯವನ್ನು ಅಷ್ಟು ಪಟ್ಟು ಹೆಚ್ಚಿಸಿ. ಹೆಚ್ಚಿನ ಕ್ಯಾಮೆರಾಗಳು 30 ಸೆಕೆಂಡಿಗೆ ನಿಲ್ಲುತ್ತವೆ, ಅದಕ್ಕಿಂತ ಜಾಸ್ತಿ ಬೇಕಾದರೆ ಬಲ್ಬ್ ಮೋಡ್ (ಬಟನ್ ಒತ್ತಿ ಹಿಡಿದಷ್ಟು ಹೊತ್ತೂ ಶಟರ್ ತೆರೆದಿರುತ್ತದೆ) ಮತ್ತು ರಿಮೋಟ್.

ಶುರು ಮಾಡಲು ವಾಹನಗಳ ಗೆರೆಗಳಿಗಿಂತ ಒಳ್ಳೆಯದು ಇನ್ನೊಂದಿಲ್ಲ. ಸೂರ್ಯ ಮುಳುಗಿ ಆಕಾಶ ಗಾಢ ನೀಲಿಗೆ ತಿರುಗುವ ಹೊತ್ತಿಗೆ ಹೋಗಿ, ಪೂರ್ತಿ ಕಪ್ಪಾಗುವವರೆಗೆ ಕಾಯಬೇಡಿ. ಆಕಾಶದ ಬೆಳಕೂ ದೀಪಗಳ ಬೆಳಕೂ ಸರಿಸಮ ಆಗುವುದು ಆ ಸ್ವಲ್ಪ ಹೊತ್ತು ಮಾತ್ರ. ಐಎಸ್‌ಒ 100, ಎಫ್ 8, 10 ಸೆಕೆಂಡು ಅಂತ ಶುರುಮಾಡಿ. ಕಟ್ಟಡ ಚೆನ್ನಾಗಿ ಬಂದಿದೆ, ಆದರೆ ಹೆಡ್‌ಲೈಟ್ ಗೆರೆಗಳು ಸುಟ್ಟು ಬಿಳಿ ಪಟ್ಟೆಯಾಗಿವೆ ಅಂದುಕೊಳ್ಳಿ. ಸಮಯ ಕಡಿಮೆ ಮಾಡಿದರೆ ಗೆರೆ ಸರಿಹೋಗುವುದಿಲ್ಲ, ಕಟ್ಟಡ ಕಪ್ಪಾಗುತ್ತದೆ ಅಷ್ಟೇ. ಅಪರ್ಚರ್ ಎಫ್ 11ಕ್ಕೆ ಒಯ್ದು ಸಮಯವನ್ನು 20 ಸೆಕೆಂಡು ಮಾಡಿ. ಕಟ್ಟಡ ಮೊದಲಿನಂತೆಯೇ ಇರುತ್ತದೆ, ಗೆರೆಗಳ ಹೊಳಪು ಅರ್ಧಕ್ಕೆ ಇಳಿಯುತ್ತದೆ. ಗೆರೆ ಮಂಕಾಗಿದ್ದರೆ ಇದನ್ನೇ ತಿರುವುಮುರುವು ಮಾಡಿ. ಈ ಒಂದು ಹೊಂದಾಣಿಕೆ ಕೈಗೆ ಬಂದರೆ ಪಟ್ಟಿಯ ಹಂಗು ಬೇಡ.

ಗೆರೆಗಳನ್ನು ಹತ್ತಿರದಿಂದ ನೋಡಿ, ಅದರಲ್ಲಿ ಎಷ್ಟೊಂದು ಇದೆ ಅಂತ ಗೊತ್ತಾಗುತ್ತದೆ. ಬಸ್ಸಿನ ಮೇಲ್ಭಾಗದ ದೀಪಗಳು ಉಳಿದೆಲ್ಲ ಗೆರೆಗಳಿಗಿಂತ ಎತ್ತರದಲ್ಲಿ ಬೇರೆಯೇ ದಾರಿ ಎಳೆಯುತ್ತವೆ. ಇಂಡಿಕೇಟರ್ ಹಾಕಿಕೊಂಡು ತಿರುಗಿದ ಗಾಡಿ ಕಿತ್ತಳೆ ಬಣ್ಣದ ತುಂಡುತುಂಡು ಗೆರೆ ಬಿಡುತ್ತದೆ. ಕೆಲವು ಎಲ್‌ಇಡಿ ಟೈಲ್‌ಲೈಟ್‌ಗಳು ಕಣ್ಣಿಗೆ ಗೊತ್ತಾಗದಷ್ಟು ವೇಗವಾಗಿ ಆರಿ ಹೊತ್ತುತ್ತಿರುತ್ತವೆ, ಅವು ಪೋಣಿಸಿದ ಚುಕ್ಕೆಗಳಾಗಿ ಬರುತ್ತವೆ. ಗಾಡಿ ಚೌಕಟ್ಟಿನೊಳಗೆ ಬರುವ ಮೊದಲೇ ಶಟರ್ ತೆರೆಯಿರಿ, ದಾಟಿದ ಮೇಲೆ ಮುಚ್ಚಿ. ಇಲ್ಲದಿದ್ದರೆ ಗೆರೆ ರಸ್ತೆಯ ಮಧ್ಯದಲ್ಲೇ ಹುಟ್ಟಿ ಮಧ್ಯದಲ್ಲೇ ಸಾಯುತ್ತದೆ. ಮೇಲ್ಸೇತುವೆಯ ಮೇಲೆ ನಿಂತಿದ್ದರೆ ಪಾದದಡಿ ಅದುರು ಇದೆಯಾ ಅಂತ ಗಮನಿಸಿ. ಭಾರದ ಲಾರಿ ಹಾಯ್ದರೆ ಸೇತುವೆಯೇ ನಡುಗುತ್ತದೆ, ಆಗ 20 ಸೆಕೆಂಡಿನ ಕೆಲಸ ನೀರಲ್ಲಿ ಹೋಮ.

ಇನ್ನೊಂದು ಮಾತು, ಎಫ್ 11, ಎಫ್ 16ರಲ್ಲಿ ಬೀದಿದೀಪಗಳ ಸುತ್ತ ನಕ್ಷತ್ರದಂತೆ ಕಿರಣಗಳು ಮೂಡುತ್ತವೆ ಅಲ್ವಾ, ಅವುಗಳ ಸಂಖ್ಯೆ ಲೆನ್ಸ್‌ನ ಅಪರ್ಚರ್ ಬ್ಲೇಡ್‌ಗಳಿಂದ ಬರುತ್ತದೆ. 8 ಬ್ಲೇಡ್ ಇದ್ದರೆ 8 ಕಿರಣ, 7 ಇದ್ದರೆ 14. ಸಮಸಂಖ್ಯೆಯಾದರೆ ಕಿರಣಗಳು ಒಂದರ ಮೇಲೊಂದು ಕೂರುತ್ತವೆ, ಬೆಸವಾದರೆ ಬೇರೆ ಬೇರೆಯಾಗಿ ಕಾಣುತ್ತವೆ.

ಜನರ ವಿಷಯಕ್ಕೆ ಬಂದರೆ ಡಾಗೇರ್‌ನ ಬೀದಿಯೇ ಪಾಠ. 30 ಸೆಕೆಂಡಿನ ಎಕ್ಸ್‌ಪೋಷರ್‌ನಲ್ಲಿ ನಡೆದು ಹೋಗುವವರು ಹೆಚ್ಚುಕಡಿಮೆ ಮಾಯ. ಗೆಳೆಯರೊಬ್ಬರನ್ನು ಅಲ್ಲಾಡದೆ 15 ಸೆಕೆಂಡು ನಿಲ್ಲಿಸಿ, ಆಮೇಲೆ ಬೇಗ ಚೌಕಟ್ಟಿನಿಂದ ಆಚೆ ಕಳಿಸಿ. ಅವರ ಮೈಯೊಳಗಿಂದ ಹಿಂದಿನ ಗೋಡೆ ಕಾಣುತ್ತದೆ. ಹಿನ್ನೆಲೆ ಕಪ್ಪಾಗಿದ್ದಷ್ಟೂ ಮನುಷ್ಯ ಗಟ್ಟಿಯಾಗಿ ಕಾಣುತ್ತಾನೆ, ಬೆಳಕಾಗಿದ್ದಷ್ಟೂ ತೆಳುವಾಗುತ್ತಾನೆ.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಟಾರ್ಚ್‌ನಿಂದ ಬರೆಯುವುದು. ಛಾಯಾಗ್ರಾಹಕ ಜಾನ್ ಮಿಲಿ 1949ರಲ್ಲಿ ಪಿಕಾಸೊನ ಕೈಗೆ ಪುಟ್ಟ ದೀಪ ಕೊಟ್ಟು, ಕತ್ತಲೆ ಕೋಣೆಯಲ್ಲಿ ಗಾಳಿಯಲ್ಲೇ ಚಿತ್ರ ಬರೆಸಿದ. ಕೈಯಲ್ಲಿ ಬೆಳಕು ಬಿಟ್ಟರೆ ಬೇರೇನೂ ಇಲ್ಲ, ಆದರೂ ಗೂಳಿ ಮೂಡಿತು. ನಮಗೂ ಅಷ್ಟೇ ಸಾಕು. ಕತ್ತಲಾದ ಜಾಗ, ಐಎಸ್‌ಒ 100, ಎಫ್ 8, 30 ಸೆಕೆಂಡು. ಬರೆಯುವವರು ಗಾಢ ಬಣ್ಣದ ಬಟ್ಟೆ ಹಾಕಿಕೊಂಡು, ಟಾರ್ಚ್ ಅನ್ನು ಕ್ಯಾಮೆರಾ ಕಡೆಗೆ ಹಿಡಿದು ಬರೆಯುತ್ತಾ ಹೋಗಬೇಕು. ಅವರ ಮೇಲೆ ಬೆಳಕೇ ಬೀಳದ ಕಾರಣ ಅವರು ಕಾಣುವುದಿಲ್ಲ, ಅಕ್ಷರ ಮಾತ್ರ ಕಾಣುತ್ತದೆ. ಬರೆಯುವವರೂ ಕಾಣಬೇಕು ಅಂದರೆ ಶಟರ್ ಮುಚ್ಚುವ ಮುಂಚೆ ಒಮ್ಮೆ ಫ್ಲಾಶ್ ಹೊಡೆಯಿರಿ.

ಕನ್ನಡ ಅಕ್ಷರ ಬರೆದು ನೋಡಿ, ದಯವಿಟ್ಟು. ನಮ್ಮ ಲಿಪಿ ದುಂಡಗಿರುವುದರಿಂದ ಕೈ ಎಲ್ಲೂ ಗಕ್ಕನೆ ನಿಲ್ಲುವುದಿಲ್ಲ, ಗೆರೆಯ ಹೊಳಪು ಉದ್ದಕ್ಕೂ ಒಂದೇ ಥರ ಬರುತ್ತದೆ. ಕೈ ನಿಂತ ಕಡೆ ಬೆಳಕು ಗುಡ್ಡೆ ಬೀಳುತ್ತದೆ, ಯಾಕೆಂದರೆ ಆ ಕ್ಷಣಕ್ಕೆ ಅದು ನಿಂತ ಬೆಳಕು. ತಲಕಟ್ಟಿಗೆ ಕೈ ಎತ್ತುವಾಗ ಟಾರ್ಚಿನ ಬಾಯನ್ನು ಅಂಗೈಯಿಂದ ಮುಚ್ಚಿ, ಇಲ್ಲದಿದ್ದರೆ ಅಕ್ಷರಗಳೆಲ್ಲ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಒತ್ತಕ್ಷರ ಇದ್ದರೆ ಮೊದಲೇ ಲೆಕ್ಕ ಹಾಕಿ ಕೆಳಗೆ ಜಾಗ ಬಿಡಿ, ಮುಖ್ಯ ಅಕ್ಷರ ಎದೆಮಟ್ಟದಲ್ಲಿ, ಒತ್ತು ಮೊಣಕಾಲಿನ ಮಟ್ಟದಲ್ಲಿ. ನೀವು ಕ್ಯಾಮೆರಾಗೆ ಎದುರು ನಿಂತು ಬರೆದದ್ದು ಫೋಟೋದಲ್ಲಿ ಕನ್ನಡಿಯ ಅಕ್ಷರದಂತೆ ಉಲ್ಟಾ ಬರುತ್ತದೆ. ಆಮೇಲೆ ಫೋಟೋವನ್ನೇ ಅಡ್ಡಡ್ಡ ಫ್ಲಿಪ್ ಮಾಡಿದರಾಯಿತು, ಹಿಂದೆ ಯಾವುದೇ ಬೋರ್ಡು ಇಲ್ಲದಂತೆ ನೋಡಿಕೊಳ್ಳಿ.

ಟಾರ್ಚ್ ಅನ್ನು ಕ್ಯಾಮೆರಾ ಕಡೆಗೆ ಬದಲು ವಸ್ತುವಿನ ಕಡೆಗೆ ಹಿಡಿದರೆ ಅದೇ ಕುಂಚವಾಗುತ್ತದೆ. ಒಂದು ಮರಕ್ಕೆ ಬೆಳಕು ಬಳಿಯುವಾಗ ಕ್ಯಾಮೆರಾ ಪಕ್ಕದಲ್ಲಿ ನಿಲ್ಲಬೇಡಿ, ಮರ ಚಪ್ಪಟೆಯಾಗಿ ಬರುತ್ತದೆ. ಬದಿಗೆ ಹೋಗಿ, ತೊಗಟೆಯ ಒಂದೊಂದು ಬಿರುಕಿನಲ್ಲೂ ನೆರಳು ಕೂರುವಂತೆ ಓರೆಯಾಗಿ ಬೆಳಕು ಬಿಡಿ, ಕೈ ನಿಲ್ಲಿಸದೆ ಆಡಿಸುತ್ತಿರಿ.

ಸ್ಟೀಲ್ ವೂಲ್‌ಗೆ (ಕಬ್ಬಿಣದ ತೆಳು ಎಳೆಗಳ ಮುದ್ದೆ) ಬೆಂಕಿ ಹಚ್ಚಿ ಸುತ್ತಿ ಕಿಡಿ ಹಾರಿಸುವ ಫೋಟೋಗಳನ್ನು ನೋಡಿರುತ್ತೀರಿ. ಹೊಸಬರಿಗೆ ಅದು ಬೇಡವೇ ಬೇಡ. ಹಾರುವುದು ಉರಿಯುವ ಕಬ್ಬಿಣದ ಚೂರುಗಳು. ಒಣಹುಲ್ಲಿಗೂ ಹಳೆ ಮರದ ಕಟ್ಟಡಕ್ಕೂ ಬೆಂಕಿ ಹತ್ತಲು ಹೊತ್ತು ಬೇಕಿಲ್ಲ, ಕಣ್ಣಿಗೆ ಬಿದ್ದರೆ ಇನ್ನೂ ಅಪಾಯ. ಗಟ್ಟಿ ದಾರದ ತುದಿಗೆ ಪುಟ್ಟ ಎಲ್‌ಇಡಿ ಕಟ್ಟಿ ಸುತ್ತಿಸಿ, ಸುತ್ತಿಸುತ್ತಲೇ ನಿಂತಲ್ಲೇ ನಿಧಾನ ಒಂದು ಸುತ್ತು ತಿರುಗಿ. ಬೆಳಕಿನ ಗೋಳವೇ ಸಿಗುತ್ತದೆ, ಯಾರಿಗೂ ತೊಂದರೆ ಇಲ್ಲ.

ಜೂಮ್ ಲೆನ್ಸ್ ಇದ್ದವರು 4 ಸೆಕೆಂಡಿನ ಎಕ್ಸ್‌ಪೋಷರ್‌ನಲ್ಲಿ ಮೊದಲ 3 ಸೆಕೆಂಡು ಸುಮ್ಮನಿದ್ದು ಕೊನೆಯ ಸೆಕೆಂಡಿನಲ್ಲಿ ಜೂಮ್ ತಿರುಗಿಸಿ, ಕಟ್ಟಡದ ರೂಪವೂ ಉಳಿಯುತ್ತದೆ, ದೀಪಗಳೂ ಹೊರಗೆ ಚಿಮ್ಮುತ್ತವೆ. ಪಟಾಕಿಗೆ ಬಲ್ಬ್ ಮೋಡ್, ಎಫ್ 11. ಒಂದು ಸಿಡಿತಕ್ಕೂ ಇನ್ನೊಂದಕ್ಕೂ ಮಧ್ಯೆ ಕಪ್ಪು ರಟ್ಟಿನಿಂದ ಲೆನ್ಸ್ ಮರೆಮಾಡಿದರೆ ಒಂದೇ ಫೋಟೋದಲ್ಲಿ ನಾಲ್ಕೈದು ಹೂ ಬೀಳುತ್ತವೆ. ಮೊಬೈಲ್‌ನವರು ನೈಟ್ ಮೋಡ್ ನೆಚ್ಚಬೇಡಿ. ಅದು ಹಲವು ಚಿಕ್ಕ ಫೋಟೋಗಳನ್ನು ಕೂಡಿಸಿ, ಓಡುವುದನ್ನು ಆದಷ್ಟು ನಿಲ್ಲಿಸಲು ನೋಡುತ್ತದೆ, ನಮಗೆ ಬೇಕಾದದ್ದು ಅದರ ವಿರುದ್ಧ. ಪ್ರೊ ಮೋಡ್‌ನಲ್ಲಿ ಶಟರ್ ಸಮಯ ಕೊಡಿ. ಐಫೋನ್ ಆದರೆ ಲೈವ್ ಫೋಟೋ ತೆಗೆದು ಅದನ್ನು ಲಾಂಗ್ ಎಕ್ಸ್‌ಪೋಷರ್ ಆಗಿ ಬದಲಿಸಬಹುದು.

ನಕ್ಷತ್ರಗಳೂ ಓಡುವ ಬೆಳಕೇ, ನಿಧಾನ ಅಷ್ಟೇ. ಭೂಮಿ ಗಂಟೆಗೆ ಸುಮಾರು 15 ಡಿಗ್ರಿ ತಿರುಗುತ್ತದೆ. ನಕ್ಷತ್ರ ಚುಕ್ಕೆಯಾಗಿಯೇ ಬರಬೇಕಾದರೆ 500ನ್ನು ಲೆನ್ಸ್‌ನ ಫೋಕಲ್ ಲೆಂತ್‌ನಿಂದ (ಲೆನ್ಸ್ ಮೇಲೆ ಎಂಎಂನಲ್ಲಿ ಬರೆದಿರುವ ಸಂಖ್ಯೆ) ಭಾಗಿಸಿ, ಬಂದಷ್ಟು ಸೆಕೆಂಡಿಗಿಂತ ಜಾಸ್ತಿ ಬೇಡ. ಫುಲ್ ಫ್ರೇಮ್‌ನಲ್ಲಿ (ದೊಡ್ಡ ಸೆನ್ಸರ್‌ನ ಕ್ಯಾಮೆರಾ) 24 ಎಂಎಂ ಲೆನ್ಸ್‌ಗೆ ಸುಮಾರು 20 ಸೆಕೆಂಡು, ಅದಕ್ಕಿಂತ ಚಿಕ್ಕದಾದ 1.5 ಕ್ರಾಪ್ ಸೆನ್ಸರ್‌ನಲ್ಲಿ ಬಂದದ್ದನ್ನು ಮತ್ತೆ 1.5ರಿಂದ ಭಾಗಿಸಿದರೆ ಸುಮಾರು 14. ಇದು ಅಂದಾಜು ಮಾತ್ರ, ಮೆಗಾಪಿಕ್ಸೆಲ್ ಜಾಸ್ತಿ ಇರುವ ಕ್ಯಾಮೆರಾಗೆ ಇನ್ನೂ ಕಡಿಮೆ ಬೇಕು. ಗೆರೆಗಳೇ ಬೇಕಾದರೆ ಒಂದು ಗಂಟೆ ಶಟರ್ ತೆರೆದಿಡಬೇಡಿ. ನಕ್ಷತ್ರದ ಹೊಳಪು ಅದರಿಂದ ಏರುವುದಿಲ್ಲ, ಏರುವುದು ನಿಂತ ಆಕಾಶದ ಮಂಕು ಬೆಳಕು, ಕೊನೆಗೆ ಅದೇ ನಕ್ಷತ್ರಗಳನ್ನು ನುಂಗುತ್ತದೆ. 30 ಸೆಕೆಂಡಿನ 120 ಫೋಟೋಗಳನ್ನು ಬಿಡುವಿಲ್ಲದೆ ತೆಗೆದು, ಲೈಟನ್ ಬ್ಲೆಂಡ್‌ನಲ್ಲಿ (ಪ್ರತಿ ಚುಕ್ಕೆಯಲ್ಲೂ ಹೆಚ್ಚು ಬೆಳಕಿರುವುದನ್ನೇ ಉಳಿಸಿಕೊಳ್ಳುವ ವಿಧಾನ) ಒಂದರ ಮೇಲೊಂದು ಕೂರಿಸಿ. ಸ್ಟಾರ್‌ಸ್ಟಾಕ್ಸ್ ಎಂಬ ಉಚಿತ ಸಾಫ್ಟ್‌ವೇರ್ ಆ ಕೆಲಸ ಮಾಡುತ್ತದೆ. ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ ಮಾತ್ರ ಆಫ್ ಇರಲಿ. ಅದು ಪ್ರತಿ ಫೋಟೋ ಆದಮೇಲೆ ಅಷ್ಟೇ ಹೊತ್ತಿನ ಒಂದು ಕಪ್ಪು ಫೋಟೋ ತೆಗೆಯುತ್ತದೆ, ಆ 30 ಸೆಕೆಂಡಿನಲ್ಲಿ ನಕ್ಷತ್ರ ಮುಂದಕ್ಕೆ ಹೋಗಿರುತ್ತದೆ, ಗೆರೆ ಪೂರ್ತಿ ತುಂಡುತುಂಡಾಗುತ್ತದೆ. ಬ್ಯಾಟರಿ ಪೂರ್ತಿ ತುಂಬಿಸಿಕೊಂಡು ಹೋಗಿ, ಆಗಾಗ ಲೆನ್ಸ್ ಮೇಲೆ ಇಬ್ಬನಿ ಕೂತಿದೆಯಾ ಅಂತ ಟಾರ್ಚನ್ನು ಬದಿಯಿಂದ ಹಿಡಿದು ನೋಡಿ, ಆದರೆ ಎರಡು ಸರಣಿಗಳ ಮಧ್ಯೆ ಮಾತ್ರ.