ಹಾಗಾದ್ರೆ ನೀರು ಎಲ್ಲಿಗೆ ಹೋಗಬೇಕು?

ಭಾನುವಾರದಿಂದ ಇಟಾಲಿಯನ್ನಿನ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿದೆ. "ಎ ಲಾಕ್ವಾ, ದೋವೆ ವಾ?" ಹಾಗಾದ್ರೆ ನೀರು ಎಲ್ಲಿಗೆ ಹೋಗಬೇಕು?

ಕೇಳಿದ್ದು ನನ್ನ ಸಹೋದ್ಯೋಗಿಯ ಅಪ್ಪ, ಇಟಲಿಯ ಬೆಟ್ಟದ ಮೇಲಿನ ತಮ್ಮ ದ್ರಾಕ್ಷಿತೋಟದಲ್ಲಿ. 79 ವರ್ಷದ ಅಜ್ಜ. ಕೇಳುವಾಗ ಕೈಯಲ್ಲಿ ಕಲ್ಲಿತ್ತು, ತಲೆ ಎತ್ತಿ ನೋಡಲೂ ಇಲ್ಲ. ನಾನು ಹೇಳಿದ್ದು ಇಷ್ಟೇ: "ಪ್ರತಿ ವರ್ಷ ಈ ಗೋಡೆ ಬೀಳುತ್ತೆ ಅಂತೀರಿ, ಒಂದು ಸಲ ಸಿಮೆಂಟ್ ಹಾಕಿಬಿಟ್ರೆ ಆಯ್ತಲ್ವಾ?"

ಮಿಲಾನಿನಿಂದ ತಿರಾನೊಗೆ ಹೋಗುವ ರೈಲು ಕೊಮೊ ಸರೋವರದ ದಂಡೆ ದಾಟಿದ ಮೇಲೆ ವಾಲ್ತೆಲ್ಲೀನಾ ಕಣಿವೆಯೊಳಗೆ ನುಗ್ಗುತ್ತದೆ. ಇಟಲಿ ಕಡೆಯ ಆಲ್ಪ್ಸ್‌ನಲ್ಲಿ ಎಷ್ಟೋ ಕಣಿವೆಗಳು ಉತ್ತರದಿಂದ ದಕ್ಷಿಣಕ್ಕೆ ಇಳಿಯುತ್ತವೆ. ಇದು ಪೂರ್ವ ಪಶ್ಚಿಮವಾಗಿ ಅಡ್ಡ ಮಲಗಿದೆ. ನಡುವೆ ಅದ್ದಾ ನದಿ. ಹಾಗಾಗಿ ಒಂದು ಬದಿಯ ಬೆಟ್ಟಕ್ಕೆ ಇಡೀ ದಿನ ಬಿಸಿಲು, ಎದುರು ಬದಿಗೆ ನೆರಳು. ನೆರಳಿನ ಬದಿಯಲ್ಲಿ ಕಾಡು. ಬಿಸಿಲಿನ ಬದಿಯಲ್ಲಿ ದ್ರಾಕ್ಷಿ. ಹೋದ ವರ್ಷ ಸೊಂದ್ರಿಯೊ ಹತ್ತಿರದ ಸಸ್ಸೆಲ್ಲಾದಲ್ಲಿ ನಡೆಯುವಾಗ ಬಂಡೆಗಳ ಸಂದಿಯಲ್ಲಿ ಪಾಪಾಸುಕಳ್ಳಿ ಕಂಡು ನಿಂತುಬಿಟ್ಟಿದ್ದೆ. ಮೇಲೆ ಹಿಮದ ಬೆಟ್ಟ, ಇಲ್ಲಿ ನಮ್ಮೂರ ಬೇಲಿಯ ಕಳ್ಳಿ! ಅಷ್ಟು ಬಿಸಿಲು ಈ ಕಲ್ಲುಗಳು ಕುಡಿಯುತ್ತವೆ. ರಾತ್ರಿ ಅದನ್ನೇ ಬಳ್ಳಿಗೆ ಬಿಟ್ಟುಕೊಡುತ್ತವೆ. ಅಲ್ಲೇ ಮುಂದೆ ಒಂದು ದ್ರಾಕ್ಷಿ ಪ್ರದೇಶಕ್ಕೆ ಇನ್‌ಫೆರ್ನೊ ಅಂತಲೇ ಹೆಸರು. ನರಕ ಅಂತ ಅರ್ಥ.

ಈ ಸಲ ಇಳಿದದ್ದು ಅದೇ ಕಣಿವೆಯ ತ್ರೆಸೆಂದಾ ಊರಿನಲ್ಲಿ. ಸಹೋದ್ಯೋಗಿ ಸ್ಟೇಷನ್ನಿಗೆ ಬಂದಿದ್ದಳು. ಅಲ್ಲಿಂದ ಮೇಲೆ ನೋಡಿದರೆ ಬೆಟ್ಟ ಕಾಣುವುದಿಲ್ಲ, ಗೋಡೆಗಳು ಕಾಣುತ್ತವೆ. ಒಂದರ ಮೇಲೊಂದು, ಅದರ ಮೇಲೆ ಇನ್ನೊಂದು. ಎರಡು ಗೋಡೆಗಳ ನಡುವೆ ಎರಡು ಮೂರು ಸಾಲು ಬಳ್ಳಿ. ಕೆಲವು ಕಡೆ ಒಂದೇ ಸಾಲು. ಈ ಕಣಿವೆಯ ಕಲ್ಲುಗೋಡೆಗಳನ್ನೆಲ್ಲ ಉದ್ದಕ್ಕೆ ಜೋಡಿಸಿದರೆ ಸುಮಾರು 2,500 ಕಿಲೋಮೀಟರ್ ಆಗುತ್ತದಂತೆ. ಗಾರೆ ಇಲ್ಲದೆ ಕಟ್ಟಿದವು. ಹಿಂದಿರುವ ಮಣ್ಣಿನಲ್ಲೂ ಎಷ್ಟೋ ಪಾಲು ಕೆಳಗಿನಿಂದ ಜನ ಬೆನ್ನ ಮೇಲೆ ಹೊತ್ತು ತಂದು ಸುರಿದದ್ದು.

ಹತ್ತುವುದು ಗೋಡೆಯಲ್ಲೇ ಚಾಚಿದ ಕಲ್ಲು ಮೆಟ್ಟಿಲುಗಳಲ್ಲಿ. ನನಗೆ 34 ವರ್ಷ. ಮೂರು ಕಡೆ ನಿಂತು ಉಸಿರು ತೆಗೆದುಕೊಂಡೆ. ಸಹೋದ್ಯೋಗಿ ಎರಡು ಖಾಲಿ ಕ್ರೇಟು ಹಿಡಿದು ಮಾತಾಡುತ್ತಲೇ ಹತ್ತಿದಳು. ಇಳಿಯುವಾಗ ಅದೇ ಕ್ರೇಟು ತುಂಬಿರುತ್ತದೆ. ಇಲ್ಲಿ ಟ್ರ್ಯಾಕ್ಟರ್ ಬರುವುದಿಲ್ಲ. ದುಡ್ಡಿರುವ ದೊಡ್ಡವರು ಕೊಯ್ಲಿಗೆ ಹೆಲಿಕಾಪ್ಟರ್ ತರಿಸಿ ಕ್ರೇಟು ಇಳಿಸುತ್ತಾರೆ. ಕೆಲವರು ಒಂದೇ ಕಂಬಿಯ ಪುಟ್ಟ ಗಾಡಿ ಹಾಕಿಸಿಕೊಂಡಿದ್ದಾರೆ. ಉಳಿದವರಿಗೆ ಭುಜ, ಬೆನ್ನು, ಮೊಣಕಾಲು. ಒಂದು ಹೆಕ್ಟೇರಿಗೆ ವರ್ಷಕ್ಕೆ ಸಾವಿರ ಗಂಟೆಗೂ ಜಾಸ್ತಿ ಕೈಕೆಲಸ.

ಮನೆಯಲ್ಲಿ ನನಗೆ ಮೊದಲು ತೋರಿಸಿದ್ದು ಅಟ್ಟ. ಅದಕ್ಕೇ ನನ್ನನ್ನು ಕರೆದದ್ದು. ನಾನು ವಿಜಯಪುರದ ತಿಕೋಟಾ ಕಡೆಯವಳು, ನಮ್ಮದು ಮಣೂಕ, ಅಂದರೆ ಒಣದ್ರಾಕ್ಷಿ, ಮಾಡುವ ಮನೆ ಅಂತ ಆಫೀಸಿನಲ್ಲಿ ಒಮ್ಮೆ ಹೇಳಿದ್ದೆ. ಅವಳು ಮರೆತಿರಲಿಲ್ಲ. ಇಲ್ಲಿ ನೆಬ್ಬಿಯೋಲೊ ದ್ರಾಕ್ಷಿಗೆ ಕ್ಯಾವೆನ್ನಾಸ್ಕಾ ಅನ್ನುತ್ತಾರೆ. ಅದರಲ್ಲಿ ಒಳ್ಳೆಯ ಗೊಂಚಲು ಆರಿಸಿ, ಕಿಟಕಿ ತೆರೆದ ಅಟ್ಟದಲ್ಲಿ ಹರಡಿ, ಗಾಳಿಗೇ ಒಣಗಲು ಬಿಡುತ್ತಾರೆ. ಡಿಸೆಂಬರ್ 1ಕ್ಕೆ ಮುಂಚೆ ಹಿಂಡುವ ಹಾಗಿಲ್ಲ, ನಿಯಮ ಇದೆ. ಆಮೇಲೆ ಅದು ಸ್ಫೊರ್ಜಾತೊ ಅನ್ನುವ ವೈನ್ ಆಗುತ್ತದೆ. ನಮ್ಮಲ್ಲಿ ಹಸಿರು ದ್ರಾಕ್ಷಿಯನ್ನು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಲ್ಲಿ ಅದ್ದಿ ಶೆಡ್ಡಿನ ಬಲೆ ಮೇಲೆ ಹಾಕಿದರೆ ಹದಿನೈದು ದಿನಕ್ಕೆಲ್ಲ ಒಣಗುತ್ತದೆ. "ಹದಿನೈದು ದಿನಾನಾ!" ಅಂದರು ಅಜ್ಜ. ನಾವು ಅವಸರ ಮಾಡುತ್ತಿದ್ದೇವೆ ಅನ್ನುವ ಹಾಗಿತ್ತು ಅವರ ಮುಖ. ನಮ್ಮ ಮಾರ್ಚ್ ತಿಂಗಳ ಬಿಸಿಲು ಅವರು ಕಂಡಿಲ್ಲ.

ಆದರೆ ಅಟ್ಟಕ್ಕಿಂತ ನನಗೆ ತಟ್ಟಿದ್ದು ಗೋಡೆ.

ಸೆಪ್ಟೆಂಬರಿನ ಮಳೆಗೆ ಅವರ ನಾಲ್ಕನೇ ಮೆಟ್ಟಿಲು ತೋಟದಲ್ಲಿ ಮೂರು ಮೀಟರಿನಷ್ಟು ಗೋಡೆ ಹೊಟ್ಟೆ ಉಬ್ಬಿಸಿಕೊಂಡು ಕುಸಿದಿತ್ತು. ಇಂಥ ಕೆಲಸ ಚಳಿಗಾಲಕ್ಕೆ ಇಟ್ಟುಕೊಳ್ಳುವುದು ರೂಢಿಯಂತೆ. ಆದರೆ ಮೇಲಿನ ಬಳ್ಳಿಗಳಿಗೆ ಹೋಗುವ ದಾರಿ ಅದೇ ಆಗಿತ್ತು. ಅಜ್ಜ ಒಬ್ಬರೇ ಕಟ್ಟುತ್ತಿದ್ದರು. ನಾನೂ ಒಂದು ಕಲ್ಲು ಎತ್ತಿ ಇಟ್ಟೆ. ಚಪ್ಪಟೆ ಮುಖ ಹೊರಗೆ, ನೋಡಲು ಚೆಂದ. ಅವರು ಏನೂ ಹೇಳದೆ ತೆಗೆದರು. ತಿರುಗಿಸಿ, ಉದ್ದನೆಯ ಬಾಲ ಬೆಟ್ಟದೊಳಗೆ ಹೋಗುವ ಹಾಗೆ ಇಟ್ಟರು. ಹೊರಗೆ ಅಂಗೈ ಅಗಲದ ಮೂತಿ ಮಾತ್ರ ಉಳಿಯಿತು. ಒಂದು ಕಲ್ಲು ಕೆಳಗಿನ ಎರಡು ಕಲ್ಲಿನ ಮೇಲೆ ಕೂರಬೇಕು. ಗೋಡೆ ತುಸು ಬೆಟ್ಟಕ್ಕೆ ಒರಗಬೇಕು. ಹಿಂದೆ ಮಣ್ಣು ನೇರ ತಾಗಬಾರದು, ಚೂರುಕಲ್ಲು ತುಂಬಬೇಕು. ಆಗಲೇ ನಾನು ಸಿಮೆಂಟಿನ ಮಾತು ಎತ್ತಿದ್ದು.

"ಹಾಗಾದ್ರೆ ನೀರು ಎಲ್ಲಿಗೆ ಹೋಗಬೇಕು?"

ನಾನು ಸುಮ್ಮನಾದೆ. ಅವರು ಇನ್ನೆರಡು ಕಲ್ಲು ಇಟ್ಟ ಮೇಲೆ ಕೈ ಚಾಚಿ ಕೆಳಗೆ ತೋರಿಸಿದರು. ತ್ರೆಸೆಂದಾದ ಮನೆಗಳ ಮಾಡು ನಮ್ಮ ಕಾಲ ಕೆಳಗೇ ಇದ್ದವು. 1983ರ ಮೇ ತಿಂಗಳಲ್ಲಿ ಇಲ್ಲಿ ದಿನಗಟ್ಟಲೆ ಮಳೆ ಸುರಿದಿತ್ತು. ಗೋಡೆಗಳ ಹಿಂದೆ ನೀರು ತುಂಬಿ, ಮಣ್ಣು ಕೆಸರಾಗಿ, ಮೆಟ್ಟಿಲು ಮೆಟ್ಟಿಲೇ ಮನೆಗಳ ಮೇಲೆ ಇಳಿದುಬಂತು. 15ಕ್ಕೂ ಹೆಚ್ಚು ಜನ ಸತ್ತರು. ಅಜ್ಜ ಅದರ ಬಗ್ಗೆ ಜಾಸ್ತಿ ಹೇಳಲಿಲ್ಲ. "ಆ ಮನೆ. ಆಮೇಲೆ ಆ ಮನೆ" ಅಂದರು. ಬೆರಳು ಮಾತ್ರ ಸರಿಯುತ್ತಾ ಹೋಯಿತು.

ಮಿಲಾನಿಗೆ ವಾಪಸು ಬರುವ ರೈಲಿನಲ್ಲಿ ಇದನ್ನೇ ಮತ್ತೆ ಮತ್ತೆ ನೆನೆಸಿಕೊಂಡೆ. ಗೋಡೆ ಇರುವುದು ದ್ರಾಕ್ಷಿಗಾಗಿ ಅಂತ ನಾನು ತಿಳಿದಿದ್ದೆ. ಕೆಳಗೆ ಮಲಗುವವರಿಗೆ ದ್ರಾಕ್ಷಿ ಬೇಕಿಲ್ಲ, ಗೋಡೆ ಬೇಕು. ಗೋಡೆಯ ಸಂಬಳ ಕೊಡುತ್ತಿರುವುದು ಮಾತ್ರ ದ್ರಾಕ್ಷಿ. ಅದು ಗಿಟ್ಟದೆ ಹೋದರೆ ಗೋಡೆಯ ಕಡೆ ತಿರುಗಿ ನೋಡುವವರು ಯಾರು? ಈ ಕಣಿವೆಯಲ್ಲಿ ಈಗ ಉಳಿದಿರುವ ದ್ರಾಕ್ಷಿತೋಟ ಸಾವಿರ ಹೆಕ್ಟೇರಿಗೂ ಕಡಿಮೆ. ಹಿಂದೆ ಇದರ ಹಲವು ಪಟ್ಟು ಇತ್ತು. ಇಟಲಿಯ ಇನ್ನೊಂದು ಕಡೆ, ಚಿಂಕ್ವೆ ತೆರ್ರೆಯ ಸಮುದ್ರದಂಡೆಯ ಬೆಟ್ಟಗಳಲ್ಲೂ ಇದೇ ಕತೆ. ಅಲ್ಲಿ 2011ರ ಅಕ್ಟೋಬರ್ 25ರ ಮಳೆಗೆ ವೆರ್ನಾತ್ಸಾ ಊರಿನ ಬೀದಿ ಕೆಸರಲ್ಲಿ ಮುಳುಗಿತ್ತು. ಮೇಲೆ ಪಾಳುಬಿದ್ದ ಮೆಟ್ಟಿಲುಗಳ ಮಾತು ಆಗಲೂ ಬಂದಿತ್ತು.

ಆ ದಿನ ಸಹೋದ್ಯೋಗಿಯ ಅಣ್ಣ ಊಟದ ಹೊತ್ತಿಗೆ ಬಂದಿದ್ದ. ಮೇಲಿನ ಮೂರು ಮೆಟ್ಟಿಲು ಬಿಟ್ಟುಬಿಡೋಣ ಅನ್ನುವುದು ಅವನ ವಾದ. ಕೆಟ್ಟವನಲ್ಲ. ಲೆಕ್ಕ ಬಲ್ಲವನು, ಅಪ್ಪನ ಮೊಣಕಾಲಿನ ಬಗ್ಗೆ ನಿಜವಾದ ಚಿಂತೆಯೂ ಇದೆ. ಆದರೆ ಬಂದವನು ತೋಟದ ಕಡೆ ಹೋಗಲೇ ಇಲ್ಲ. ಹರಕು ಬೂಟು ಹಾಕಿಕೊಂಡು ಬೆಳಗ್ಗೆಯಿಂದ ಹತ್ತಿ ಇಳಿದ ತಂಗಿಯ ಮುಂದೆ ಕೂತು "ನಾವು" ಬಿಡೋಣ ಅಂದದ್ದು ನನಗೆ ಹಿಡಿಸಲಿಲ್ಲ. ಅವಳು ಮಾತಾಡದೆ ಎಲ್ಲರಿಗೂ ಪಿತ್ಸೊಕ್ಕೆರಿ ಬಡಿಸಿದಳು. ಬಕ್‌ವೀಟ್ ಹಿಟ್ಟಿನ ದಪ್ಪ ಪಟ್ಟಿ, ಆಲೂಗಡ್ಡೆ, ಎಲೆಕೋಸು, ಬೆಣ್ಣೆ, ಚೀಸ್. ಮೇಲೆ ಹತ್ತಿ ಬಂದವರಿಗಾಗಿಯೇ ಹುಟ್ಟಿದ ಊಟ.

ಇಂಥ ಬೇಸಾಯಕ್ಕೆ ಇಟಲಿಯಲ್ಲಿ "ವೀರರ ದ್ರಾಕ್ಷಿ ಬೇಸಾಯ" ಅನ್ನುತ್ತಾರೆ. ಇಳಿಜಾರು ಶೇಕಡಾ 30 ದಾಟಿರಬೇಕು, ಇಲ್ಲವೇ 500 ಮೀಟರಿಗಿಂತ ಎತ್ತರದಲ್ಲಿರಬೇಕು, ಇಲ್ಲವೇ ಮೆಟ್ಟಿಲು ತೋಟ ಅಥವಾ ಸಣ್ಣ ದ್ವೀಪ ಆಗಿರಬೇಕು. ಗಾರೆಯಿಲ್ಲದೆ ಕಲ್ಲು ಜೋಡಿಸುವ ಕಲೆಯನ್ನು 2018ರಲ್ಲಿ ಯುನೆಸ್ಕೊ ಇಟಲಿ ಸೇರಿ ಎಂಟು ದೇಶಗಳ ಪರಂಪರೆಯಾಗಿ ಪಟ್ಟಿಗೆ ಸೇರಿಸಿತು. ಗೌರವ ಒಳ್ಳೆಯದೇ. ಆದರೂ ವೀರ ಅನ್ನುವ ಮಾತು ನನಗೆ ಒಗ್ಗುವುದಿಲ್ಲ. ವೀರ ಅಂದಮೇಲೆ ಅವನಿಗೆ ಸಹಾಯ ಬೇಕು ಅಂತ ಯಾರಿಗೂ ಅನಿಸುವುದಿಲ್ಲ. ಅವನು ಹೇಗೋ ಮಾಡಿಕೊಳ್ಳುತ್ತಾನೆ ಅಂತ ಬಿಟ್ಟುಬಿಡುತ್ತೇವೆ. ನಮ್ಮಲ್ಲಿ ರೈತನನ್ನು ಅನ್ನದಾತ ಅಂತ ಕರೆದು ಬಿಡುವ ಹಾಗೆಯೇ.

ನನ್ನ ಅಪ್ಪ ಬರದ ವರ್ಷ ಟ್ಯಾಂಕರ್ ನೀರು ಕೊಂಡು ತೋಟ ಉಳಿಸಿಕೊಂಡವರು. ಮೂರು ಬೋರು ಹೊಡೆಸಿದರೂ ನೀರು ಬಿದ್ದಿರಲಿಲ್ಲ. ನಾನು ಹುಟ್ಟಿದಾಗಿನಿಂದ ನಮ್ಮ ಮನೆಯಲ್ಲಿ ಕೇಳಿದ್ದು ನೀರು ಎಲ್ಲಿಂದ ತರಬೇಕು ಅನ್ನುವುದನ್ನೇ. ಅದು ಎಲ್ಲಿಗೆ ಹೋಗಬೇಕು ಅಂತ ಒಬ್ಬ ದ್ರಾಕ್ಷಿ ಬೆಳೆಗಾರ ಜೀವಮಾನವಿಡೀ ಯೋಚಿಸಬಹುದು ಅನ್ನುವುದು ನನ್ನ ಕಲ್ಪನೆಗೇ ಬಂದಿರಲಿಲ್ಲ. ಭಾನುವಾರ ರಾತ್ರಿ ಫೋನ್ ಮಾಡಿ ಹೇಳಿದೆ.

"ಹೌದಲ್ಲ ಮತ್ತ" ಅಂದರು ಅಪ್ಪ, ತೀರಾ ಸಹಜವಾಗಿ. "ನಮ್ಮ ಹೊಲದ ಒಡ್ಡಿಗೆ ನಡುವ ಕಲ್ಲ ಹೊಂದಿಸಿ ದಾರಿ ಬಿಟ್ಟಿಲ್ಲೇನು? ಮಣ್ಣ ಹಿಡೀಬೇಕು, ನೀರ ಬಿಡಬೇಕು. ಸಣ್ಣಾಕಿ ಇದ್ದಾಗ ಅದರ ಮ್ಯಾಲೇ ಕುಂತು ಬುತ್ತಿ ಉಣ್ತಿದ್ದಿ."

ಹೌದು, ಅದರ ಮೇಲೇ ಕೂತು ಉಣ್ಣುತ್ತಿದ್ದೆ. ಆ ಕಲ್ಲುಗಳು ಅಲ್ಲಿ ಯಾಕಿವೆ ಅಂತ ಒಂದು ದಿನವೂ ಕೇಳಿರಲಿಲ್ಲ.

ಬುಧವಾರ ರಾತ್ರಿಯಿಡೀ ಮಳೆ ಹೊಡೆಯಿತು. ನಿದ್ದೆ ಸರಿಯಾಗಿ ಬರಲಿಲ್ಲ. ಬೆಳಗ್ಗೆ ಸಹೋದ್ಯೋಗಿಗೆ ಮೆಸೇಜ್ ಹಾಕಿದೆ. ಸ್ವಲ್ಪ ಹೊತ್ತಿಗೆ ಒಂದು ಫೋಟೋ ಬಂತು. ಹೊಸ ಗೋಡೆ ಕಪ್ಪಾಗಿ ನೆನೆದಿತ್ತು. ಕಲ್ಲುಗಳ ಸಂದಿಯಿಂದ ಏಳೆಂಟು ಕಡೆ ನೀರು ಸಣ್ಣಗೆ ಇಳಿಯುತ್ತಿತ್ತು. ಗೋಡೆ ನೆಟ್ಟಗೆ ನಿಂತಿತ್ತು.

ಖುಷಿಯಲ್ಲಿ ಅದನ್ನು ಅಪ್ಪನಿಗೆ ಕಳಿಸಿದೆ. ಅವರು ತುಂಬಾ ಹೊತ್ತು ನೋಡಿರಬೇಕು. ಆಮೇಲೆ ಫೋನ್ ಮಾಡಿದರು. "ಛಲೋ ಕಟ್ಟ್ಯಾನ ಮುದುಕ. ಆದ್ರ ಬಲಕ್ಕ, ಮ್ಯಾಲಿನ ಎರಡು ಕಲ್ಲ ಜರಾ ಹೊರಗ ಬಂದಾವು. ಹೇಳು ಅವರಿಗೆ."

ಇಟಾಲಿಯನ್‌ನಲ್ಲಿ ಬರೆದು ಕಳಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಅಜ್ಜ ತೋಟದಲ್ಲಿರಬೇಕು.