ಸುಣ್ಣದ ಕಲ್ಲಿನ ಕೆಳಗಿನ ಚಳಿಗಾಲ: ನಾರ್ಸಿಸ್‌ನ ಹಾವಿನ ಬಿಲಗಳಲ್ಲಿ

ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದಲ್ಲಿ, ವಿನಿಪೆಗ್ ನಗರದಿಂದ ಉತ್ತರಕ್ಕೆ ಸುಮಾರು 130 ಕಿಲೋಮೀಟರ್ ದೂರದಲ್ಲಿ, ನಾರ್ಸಿಸ್ ಎಂಬ ಪುಟ್ಟ ಊರಿದೆ. ಊರನ್ನು ದಾಟಿ 17ನೇ ಹೆದ್ದಾರಿಯಲ್ಲಿ ಇನ್ನಷ್ಟು ಉತ್ತರಕ್ಕೆ ಹೋದರೆ ಆಸ್ಪೆನ್ ಮರಗಳ ನಡುವೆ ಸುಣ್ಣದ ಕಲ್ಲಿನ ಕೆಲವು ತಗ್ಗುಗಳು ಸಿಗುತ್ತವೆ. ಏಪ್ರಿಲ್ ಕೊನೆಯಿಂದ ಮೇ ತಿಂಗಳ ನಡುವಿನವರೆಗೆ ಈ ತಗ್ಗುಗಳಿಂದ ಹತ್ತಾರು ಸಾವಿರ ಗಾರ್ಟರ್ ಹಾವುಗಳು ಹೊರಬರುತ್ತವೆ. ಹಾವುಗಳು ಇಷ್ಟು ಒತ್ತಾಗಿ ಸೇರುವ ಇನ್ನೊಂದು ಜಾಗ ಭೂಮಿಯ ಮೇಲಿಲ್ಲವೆಂದು ಬಲ್ಲವರು ಹೇಳುತ್ತಾರೆ. ಬಹುಕಾಲದಿಂದ ನೋಡಬೇಕೆಂದಿದ್ದ ಈ ಜಾಗಕ್ಕೆ ಒಂದು ಮೇ ತಿಂಗಳಲ್ಲಿ ಹೋಗಿಬಂದೆ. ಅಲ್ಲಿ ಕಂಡದ್ದನ್ನು ಬರೆಯುವ ಮುನ್ನ ಅಲ್ಲಿನ ನೆಲದ ವಿಷಯವನ್ನು ಹೇಳಬೇಕು; ಏಕೆಂದರೆ ಹಾವುಗಳ ಸಂಖ್ಯೆಗಿಂತಲೂ ಅವುಗಳನ್ನು ಕಾಯುವ ಆ ಕಲ್ಲೇ ನನಗೆ ಹೆಚ್ಚು ದೊಡ್ಡ ಅಚ್ಚರಿಯಾಗಿ ಕಂಡಿತು.

ವಿನಿಪೆಗ್ ಮತ್ತು ಮ್ಯಾನಿಟೋಬಾ ಎಂಬ ಎರಡು ದೊಡ್ಡ ಸರೋವರಗಳ ನಡುವಿನ ಈ ಸೀಮೆಗೆ ಇಂಟರ್‌ಲೇಕ್ ಎಂದು ಹೆಸರು. ಸಮತಟ್ಟಾದ ನೆಲ, ತೆಳುವಾದ ಮೇಲ್ಮಣ್ಣು, ಅದರ ಕೆಳಗೆ ಬಹು ಪ್ರಾಚೀನ ಸಮುದ್ರವೊಂದು ಬಿಟ್ಟುಹೋದ ಸುಣ್ಣದ ಕಲ್ಲಿನ ಹಾಸು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಇಲ್ಲಿ ಬೇಸಾಯ ಮಾಡಲೆಂದು ಯಹೂದಿ ಕುಟುಂಬಗಳು ಬಂದು ನೆಲೆಸಿದ್ದವು. ಅವರಿಗೆ ನೆರವಾದ ಸಂಸ್ಥೆಯ ಅಧ್ಯಕ್ಷರಾಗಿದ್ದ ನಾರ್ಸಿಸ್ ಲೆವೆನ್ ಅವರ ಹೆಸರೇ ಊರಿಗೆ ಬಂದಿದೆ. ಆ ವಸಾಹತು ಉಳಿಯಲಿಲ್ಲ, ಅಂಥ ನೆಲದಲ್ಲಿ ಉಳುವುದೂ ಸುಲಭವಲ್ಲ. ಆದರೆ ರೈತನಿಗೆ ಒಲಿಯದ ಈ ಕಲ್ಲೇ ಹಾವಿಗೆ ಪ್ರಾಣಾಧಾರ. ನೀರು ಸುಣ್ಣದ ಕಲ್ಲನ್ನು ನಿಧಾನವಾಗಿ ಕರಗಿಸುತ್ತ ಒಳಗೆ ಬಿರುಕುಗಳನ್ನೂ ಪೊಳ್ಳುಗಳನ್ನೂ ಕೊರೆಯುತ್ತದೆ. ಎಲ್ಲಿ ಮೇಲ್ಛಾವಣಿ ಕುಸಿಯುತ್ತದೆಯೋ ಅಲ್ಲಿ ಒಂದು ತಗ್ಗು ಬಾಯಿ ತೆರೆಯುತ್ತದೆ. ಚಳಿಗಾಲದಲ್ಲಿ ಇಲ್ಲಿ ತಾಪಮಾನ ಸೊನ್ನೆಗಿಂತ 40 ಡಿಗ್ರಿ ಕೆಳಗೆ ಇಳಿಯುವುದುಂಟು, ನೆಲ ಆಳದವರೆಗೆ ಹೆಪ್ಪುಗಟ್ಟುತ್ತದೆ. ತಾನಾಗಿ ಮೈ ಬಿಸಿ ಮಾಡಿಕೊಳ್ಳಲಾರದ ಪ್ರಾಣಿಗೆ, ಆ ಹೆಪ್ಪಿನ ಗೆರೆಯ ಕೆಳಗೆ ತಲುಪಿಸುವ ಬಿರುಕೊಂದು ಸಿಕ್ಕರೆ ಬದುಕು, ಇಲ್ಲದಿದ್ದರೆ ಇಲ್ಲ. ಅಂಥ ಬಿರುಕುಗಳು ಎಲ್ಲೆಂದರಲ್ಲಿ ಇರುವುದಿಲ್ಲವಾದ್ದರಿಂದಲೇ ಸುತ್ತಲಿನ ವಿಶಾಲ ಪ್ರದೇಶದ ಹಾವುಗಳೆಲ್ಲ ಈ ಕೆಲವೇ ತಗ್ಗುಗಳಿಗೆ ಬಂದು ಸೇರುತ್ತವೆ.

ಇಂದು ಇದು ಸಂರಕ್ಷಿತ ವನ್ಯಜೀವಿ ಪ್ರದೇಶ. ನಾಲ್ಕು ಬಿಲಗಳನ್ನು ಜೋಡಿಸುವ ಸುಮಾರು 3 ಕಿಲೋಮೀಟರ್ ಉದ್ದದ ಕಾಲುದಾರಿಯಿದೆ, ಬಿಲಗಳ ಅಂಚಿನಲ್ಲಿ ನಿಂತು ನೋಡಲು ಕಟಕಟೆಗಳಿವೆ. ನಾನು ಹೋದ ದಿನ ಬೆಳಗ್ಗೆ ಮೋಡವಿತ್ತು. ಮೊದಲ ತಗ್ಗಿನಲ್ಲಿ ಕೆಲವೇ ಹಾವುಗಳು ಕಲ್ಲಿನ ಸಂದಿಗಳಿಂದ ತಲೆ ಮಾತ್ರ ಹೊರಗೆ ಚಾಚಿಕೊಂಡಿದ್ದವು. ಮಧ್ಯಾಹ್ನದ ಹೊತ್ತಿಗೆ ಬಿಸಿಲು ಬಿದ್ದಾಗ ಅದೇ ಜಾಗ ಗುರುತು ಸಿಗದಷ್ಟು ಬದಲಾಗಿತ್ತು. ಮೊದಲು ಕೇಳಿಸಿದ್ದು ಸದ್ದು. ಕಳೆದ ವರ್ಷ ಉದುರಿದ ಒಣಗಿದ ಆಸ್ಪೆನ್ ಎಲೆಗಳ ಮೇಲೆ ಸಾವಿರಾರು ಹೊಟ್ಟೆಗಳು ತೆವಳುವ ಸರಸರ ಶಬ್ದ ತಗ್ಗಿನೊಳಗಿನಿಂದ ಒಂದೇ ಸಮನೆ ಏರಿಬರುತ್ತಿತ್ತು. ಆಮೇಲೆ ಕಣ್ಣು ಹೊಂದಿಕೊಂಡಿತು. ನೆಲವೆಂದುಕೊಂಡು ನೋಡುತ್ತಿದ್ದುದರ ಬಹುಭಾಗ ಹಾವೇ ಆಗಿತ್ತು.

ಇವು ಕೆಂಪು ಪಕ್ಕೆಯ ಗಾರ್ಟರ್ ಹಾವುಗಳು. ಕಪ್ಪು ಕಂದು ಮೈ, ಬೆನ್ನಿನ ನಡುವೆ ತಲೆಯಿಂದ ಬಾಲದವರೆಗೆ ಒಂದು ಹಳದಿ ಪಟ್ಟೆ, ಇಕ್ಕೆಲಗಳಲ್ಲಿ ಇನ್ನೊಂದೊಂದು, ಅವುಗಳ ನಡುವಿನ ಚರ್ಮ ಹಿಗ್ಗಿದಾಗ ಮಾತ್ರ ಕಾಣುವ ಇಟ್ಟಿಗೆಗೆಂಪು ಚುಕ್ಕೆಗಳು. ಗಂಡುಗಳು ಹೆಬ್ಬೆರಳಿಗಿಂತ ತೆಳ್ಳಗೆ, ಅರ್ಧ ಮೀಟರಿನ ಆಸುಪಾಸಿನ ಉದ್ದ. ಹೆಣ್ಣುಗಳು ಉದ್ದದಲ್ಲೂ ದಪ್ಪದಲ್ಲೂ ಎದ್ದು ಕಾಣುವಷ್ಟು ದೊಡ್ಡವು. ಮನುಷ್ಯರಿಗೆ ಇವುಗಳಿಂದ ಅಪಾಯವಿಲ್ಲ. ಹಿಡಿದರೆ ಬಾಲದ ಬುಡದಿಂದ ಘಾಟು ವಾಸನೆಯ ದ್ರವ ಬಿಡುತ್ತವೆ, ಅದೇ ಅವುಗಳ ಮುಖ್ಯ ಪ್ರತಿಭಟನೆ.

ಬಿಲದಿಂದ ಮೊದಲು ಹೊರಬರುವುದು ಗಂಡುಗಳು. ಬಂದವು ಅಲ್ಲಿಯೇ ಉಳಿಯುತ್ತವೆ. ಹೆಣ್ಣುಗಳು ಒಂದೊಂದಾಗಿ, ಹಲವು ವಾರಗಳ ಉದ್ದಕ್ಕೂ, ಬರುತ್ತವೆ ಮತ್ತು ಬಂದಷ್ಟೇ ಬೇಗ ಹೊರಟುಹೋಗುತ್ತವೆ. ಆದ್ದರಿಂದ ಯಾವುದೇ ದಿನ ನೋಡಿದರೂ ತಗ್ಗಿನಲ್ಲಿ ಗಂಡುಗಳದೇ ದೊಡ್ಡ ಬಹುಮತ. ಮೇಲಿನಿಂದ ನೋಡುವವರಿಗೆ ಇದು ಬರೀ ಗದ್ದಲದಂತೆ ತೋರುತ್ತದೆ. ನನ್ನ ಪಕ್ಕದಲ್ಲಿ ನಿಂತಿದ್ದ ಹಲವರು ಹಾಗೆಯೇ ಉದ್ಗರಿಸಿದರು. ಆದರೆ ಒಂದು ಕಡೆ ಕುಳಿತು ಒಂದೇ ಹಾವನ್ನು ಕಣ್ಣಿನಿಂದ ಹಿಂಬಾಲಿಸಿದರೆ ಬೇರೆಯೇ ಸಂಗತಿ ಕಾಣುತ್ತದೆ.

ಹಾಗೆ ಎರಡನೆಯ ಬಿಲದ ಅಂಚಿನಲ್ಲಿ, ನನ್ನಿಂದ ಒಂದು ಮಾರು ದೂರದಲ್ಲಿ, ಒಂದು ಹೆಣ್ಣು ಹಾವು ಕಲ್ಲಿನ ಸೀಳಿನಿಂದ ಹೊರಬರುವುದನ್ನು ನೋಡಿದೆ. ತಲೆ ಹೊರಗೆ ಬಂದು ಬಹಳ ಹೊತ್ತು ಕದಲಲಿಲ್ಲ. ಹತ್ತಿರ ಸುಳಿದಾಡುತ್ತಿದ್ದ ಒಂದು ಗಂಡು ಅವಳ ಕುತ್ತಿಗೆಗೆ ನಾಲಿಗೆ ತಾಕಿಸಿತು. ಆ ಕ್ಷಣದಲ್ಲೇ ಅದರ ಚಲನೆಯ ಲಯ ಬದಲಾಯಿತು. ಅಲ್ಲಿಯವರೆಗೆ ಅಡ್ಡಾದಿಡ್ಡಿ ಹರಿದಾಡುತ್ತಿದ್ದುದು ಈಗ ಗದ್ದವನ್ನು ಅವಳ ಬೆನ್ನಿಗೆ ಒತ್ತಿಕೊಂಡು, ಸೀಳುನಾಲಿಗೆಯನ್ನು ಬಿಡುವಿಲ್ಲದೆ ಆಡಿಸುತ್ತ, ಅವಳ ಮೈಯುದ್ದಕ್ಕೂ ಮುಂದೆ ಸರಿಯತೊಡಗಿತು. ಅವಳು ಪೂರ್ತಿಯಾಗಿ ಹೊರಬರುವ ಮೊದಲೇ ಇನ್ನಷ್ಟು ಗಂಡುಗಳು ಸೇರಿದವು. ಸ್ವಲ್ಪ ಹೊತ್ತಿನಲ್ಲಿ ಅವಳು ಕಾಣಿಸಲೇ ಇಲ್ಲ. ನೂಲಿನ ಉಂಡೆಯೊಂದು ತಾನಾಗಿಯೇ ಸುತ್ತಿಕೊಳ್ಳುತ್ತ ಇಳಿಜಾರಿನಲ್ಲಿ ಉರುಳಿದಂತೆ ಇಡೀ ಗುಂಪು ತಗ್ಗಿನ ಕಡೆಗೆ ಜಾರಿತು. ಇದನ್ನೇ ಮಿಲನದ ಉಂಡೆ ಎನ್ನುತ್ತಾರೆ. ಗಮನಿಸಬೇಕಾದ ಮಾತೆಂದರೆ, ಅಷ್ಟು ನೂಕುನುಗ್ಗಲಿನಲ್ಲೂ ಗಂಡುಗಳು ಒಂದನ್ನೊಂದು ಕಚ್ಚಲಿಲ್ಲ, ಹೆದರಿಸಲಿಲ್ಲ. ಸ್ಪರ್ಧೆಯೆಲ್ಲ ಅವಳ ಬೆನ್ನಿನ ಮೇಲೆ ಸರಿಯಾದ ಜಾಗ ಹಿಡಿಯುವುದರಲ್ಲಿತ್ತು.

ಗಂಡುಗಳಿಗೆ ಹೆಣ್ಣಿನ ಗುರುತು ಸಿಗುವುದು ನಾಲಿಗೆಯ ಮೂಲಕ. ಹೆಣ್ಣಿನ ಚರ್ಮದ ಕೊಬ್ಬಿನಂಶದಲ್ಲಿ ಮೀಥೈಲ್ ಕೀಟೋನ್ ಎಂಬ ವರ್ಗದ ರಾಸಾಯನಿಕಗಳಿವೆ. ಅವು ಗಾಳಿಯಲ್ಲಿ ಹರಡುವಂಥವಲ್ಲ, ಆದ್ದರಿಂದ ಗಂಡು ಅವಳ ಮೈಯನ್ನೋ ಅವಳು ಹಾದುಹೋದ ಜಾಡನ್ನೋ ನಾಲಿಗೆಯಿಂದ ಮುಟ್ಟಿಯೇ ತಿಳಿಯಬೇಕು. ಈ ಫೆರೊಮೋನ್‌ಗಳನ್ನು, ಅಂದರೆ ಒಂದೇ ಜಾತಿಯ ಪ್ರಾಣಿಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕಗಳನ್ನು, ಗುರುತಿಸಿದವರು ರಾಬರ್ಟ್ ಮೇಸನ್ ಮತ್ತು ಅವರ ಸಹೋದ್ಯೋಗಿಗಳು. 1989ರಲ್ಲಿ ಅವರು ಅದನ್ನು ಪ್ರಕಟಿಸಿದರು. ಮೇಸನ್ ಅದಕ್ಕೂ ಮೊದಲೇ, 1985ರಲ್ಲಿ, ಡೇವಿಡ್ ಕ್ರೂಸ್ ಅವರೊಂದಿಗೆ ಇನ್ನೊಂದು ವಿಚಿತ್ರ ಸಂಗತಿಯನ್ನು ವರದಿ ಮಾಡಿದ್ದರು: ಕೆಲವು ಗಂಡುಗಳ ಮೈಯಿಂದಲೂ ಹೆಣ್ಣಿನ ಗುರುತೇ ಹೊಮ್ಮುತ್ತದೆ, ಬೇರೆ ಗಂಡುಗಳು ಅವುಗಳ ಸುತ್ತಲೂ ಉಂಡೆಕಟ್ಟುತ್ತವೆ. ಇದು ಎದುರಾಳಿಗಳನ್ನು ದಾರಿ ತಪ್ಪಿಸುವ ತಂತ್ರವೆಂದು ಮೊದಲು ಊಹಿಸಲಾಗಿತ್ತು. ಆಮೇಲೆ ಇದೇ ಬಿಲಗಳಲ್ಲಿ ಕೆಲಸ ಮಾಡಿದ ಆಸ್ಟ್ರೇಲಿಯಾದ ಉರಗತಜ್ಞ ರಿಕ್ ಶೈನ್ ಮತ್ತು ಮೇಸನ್ ಸೇರಿ ಕಂಡುಕೊಂಡದ್ದು ಇನ್ನೂ ಸೊಗಸಾದ ವಿವರಣೆ. ತಿಂಗಳುಗಟ್ಟಲೆ ತಣ್ಣಗೆ ಬಿದ್ದಿದ್ದು ಆಗಷ್ಟೇ ಹೊರಬಂದ ಗಂಡು ಮಂದವಾಗಿರುತ್ತದೆ, ಬೇಗ ಓಡಲಾರದು. ಆ ಸಮಯದಲ್ಲಿ ಬಿಸಿಲಿನಲ್ಲಿ ಕಾದ ಇತರ ಗಂಡುಗಳು ಅದರ ಮೇಲೆ ಮುತ್ತಿಕೊಂಡರೆ ಅದರ ಮೈ ಬೇಗ ಬಿಸಿಯಾಗುತ್ತದೆ, ಹಕ್ಕಿಗಳ ಕಣ್ಣಿನಿಂದ ಮರೆಯೂ ಸಿಗುತ್ತದೆ. ಒಂದೆರಡು ದಿನ ಕಳೆದು ಚೇತರಿಸಿಕೊಂಡ ಮೇಲೆ ಆ ಗುರುತು ಮಾಯವಾಗಿ ಅದೂ ಉಳಿದ ಗಂಡುಗಳ ಹಾಗೆ ಹೆಣ್ಣಿಗಾಗಿ ಹುಡುಕಾಟಕ್ಕಿಳಿಯುತ್ತದೆ. ಚಳಿ ಬಿಡಿಸಿಕೊಳ್ಳಲು ಇಷ್ಟು ಜಾಣ ದಾರಿಯನ್ನು ಹಿಡಿದಿರುವ ಇನ್ನೊಂದು ಪ್ರಾಣಿಯ ಬಗ್ಗೆ ನಾನು ಓದಿಲ್ಲ.

ಇಷ್ಟೆಲ್ಲ ನಡೆಯುವಾಗ ಅವು ಏನನ್ನೂ ತಿನ್ನುವುದಿಲ್ಲ. ಚಳಿಗಾಲವಿಡೀ ಉಪವಾಸ, ಬಿಲದ ಬಳಿ ಇರುವಷ್ಟು ದಿನವೂ ಉಪವಾಸ. ಹೋದ ಬೇಸಿಗೆಯಲ್ಲಿ ಕೂಡಿಟ್ಟ ಕೊಬ್ಬಿನಲ್ಲೇ ಎಲ್ಲವೂ ನಡೆಯಬೇಕು. ಗಂಡಿನ ವೀರ್ಯವೂ ಹಿಂದಿನ ಬೇಸಿಗೆಯಲ್ಲೇ ತಯಾರಾಗಿ ದಾಸ್ತಾನಾಗಿದ್ದದ್ದು. ವಸಂತದಲ್ಲಿ ಅದರ ವೃಷಣಗಳು ಕುಗ್ಗಿರುತ್ತವೆ. ದೀರ್ಘವಾದ ಚಳಿಯನ್ನು ಕಳೆದು ಮೈ ಮತ್ತೆ ಬೆಚ್ಚಗಾಗುವುದೇ ಅದರ ಮಿದುಳಿಗೆ ಮಿಲನಕಾಲದ ಸೂಚನೆ. ಮಿಲನವಾದ ನಂತರ ಗಂಡು ಹೆಣ್ಣಿನ ದೇಹದಲ್ಲಿ ಅಂಟುದ್ರವದ ಬಿರಡೆಯೊಂದನ್ನು ಬಿಟ್ಟುಹೋಗುತ್ತದೆ, ಉಳಿದ ಗಂಡುಗಳ ಆಸಕ್ತಿ ಬೇಗನೆ ಇಳಿಯುತ್ತದೆ. ಬೇಸಿಗೆ ಅತಿ ಚಿಕ್ಕದಾಗಿರುವ ನಾಡಿನಲ್ಲಿ ಬೆಚ್ಚಗಿನ ಒಂದು ದಿನವನ್ನೂ ವ್ಯರ್ಥ ಮಾಡುವಂತಿಲ್ಲ. ಮೇಲಿನಿಂದ ನೋಡಿದಾಗ ಉನ್ಮಾದದಂತೆ ತೋರುವುದರ ಒಳಗೆ ಇಷ್ಟು ಬಿಗಿಯಾದ ಲೆಕ್ಕಾಚಾರವಿದೆ.

ಸಾವೂ ಅಲ್ಲಿ ಕಣ್ಣೆದುರೇ ಇದೆ. ತಗ್ಗಿನ ತಳದಲ್ಲಿ, ಮೇಲಿನವುಗಳ ಭಾರಕ್ಕೆ ಸಿಕ್ಕಿ ಉಸಿರುಕಟ್ಟಿ ಸತ್ತ ಚಿಕ್ಕ ಹಾವುಗಳು ಕಂಡವು. ಮರಗಳ ಮೇಲೆ ಕಾಗೆಗಳು ಕಾದಿದ್ದವು. ಅವು ಹಾವನ್ನು ಇಡಿಯಾಗಿ ತಿನ್ನುವುದಿಲ್ಲ; ಮೈಯ ಒಂದು ನಿರ್ದಿಷ್ಟ ಜಾಗದಲ್ಲಿ ಕುಕ್ಕಿ ಯಕೃತ್ತನ್ನು ಮಾತ್ರ ಎಳೆದು ತಿಂದು ಉಳಿದದ್ದನ್ನು ಬಿಟ್ಟುಬಿಡುತ್ತವೆ. ಕಾಲುದಾರಿಯ ಬದಿಯಲ್ಲಿ ಹಾಗೆ ಬಿದ್ದಿದ್ದ ಒಂದು ಹಾವಿನ ಪಕ್ಕೆಯಲ್ಲಿ ಸಣ್ಣ ಅಚ್ಚುಕಟ್ಟಾದ ತೂತೊಂದನ್ನು ಬಿಟ್ಟರೆ ಬೇರೆ ಗಾಯವೇ ಇರಲಿಲ್ಲ.

ಮಿಲನ ಮುಗಿದ ಹೆಣ್ಣು, ಮತ್ತು ಕೊನೆಗೆ ಗಂಡುಗಳು ಕೂಡ, ಬಿಲವನ್ನು ಬಿಟ್ಟು ಜೌಗು ಪ್ರದೇಶಗಳ ಕಡೆಗೆ ಹೊರಡುತ್ತವೆ. ಕಪ್ಪೆಗಳು ಸಿಗುವುದು ಅಲ್ಲಿ. ಕೆಲವು ಹಾವುಗಳು ಹೀಗೆ 20 ಕಿಲೋಮೀಟರ್‌ನಷ್ಟು ದೂರ ಹೋಗುವುದುಂಟು. ಬೇಸಿಗೆಯ ಕೊನೆಯಲ್ಲಿ ಹೆಣ್ಣು ಮೊಟ್ಟೆಯಿಡದೆ ಮರಿಗಳನ್ನೇ ಈಯುತ್ತದೆ. ನೆಲ ತಣ್ಣಗಿರುವ ಸೀಮೆಯಲ್ಲಿ ಮೊಟ್ಟೆಗಳನ್ನು ಮಣ್ಣಿಗೆ ಒಪ್ಪಿಸುವುದಕ್ಕಿಂತ ಬಿಸಿಲು ಕಾಯಿಸಿಕೊಳ್ಳಬಲ್ಲ ತಾಯಿಯ ಹೊಟ್ಟೆಯೇ ಸುರಕ್ಷಿತ. ಶರತ್ಕಾಲದಲ್ಲಿ ದೊಡ್ಡ ಹಾವುಗಳು ಅದೇ ದೂರವನ್ನು ಮತ್ತೆ ಕ್ರಮಿಸಿ ಹಳೆಯ ಬಿಲಕ್ಕೇ ಮರಳುತ್ತವೆ.

ಈ ಹೋಗಿಬರುವ ದಾರಿಗೆ ಅಡ್ಡವಾಗಿ 17ನೇ ಹೆದ್ದಾರಿ ಬಿದ್ದಿದೆ. ಒಂದು ಕಾಲದಲ್ಲಿ ವರ್ಷಕ್ಕೆ ಸುಮಾರು 10,000 ಹಾವುಗಳು ಅಲ್ಲಿ ವಾಹನಗಳ ಚಕ್ರಕ್ಕೆ ಸಿಕ್ಕಿ ಸಾಯುತ್ತಿದ್ದವು. ಅದಕ್ಕೂ ಮೊದಲು ಪ್ರಯೋಗಾಲಯಗಳಿಗೂ ಸಾಕುಪ್ರಾಣಿಗಳ ವ್ಯಾಪಾರಕ್ಕೂ ಹಾವುಗಳನ್ನು ಬಿಲದ ಬಾಯಿಂದಲೇ ಬಾಚಿ ಒಯ್ಯಲಾಗುತ್ತಿತ್ತು. 1990ರ ದಶಕದ ಆರಂಭದಲ್ಲಿ ಆ ವ್ಯಾಪಾರಕ್ಕೆ ತಡೆ ಬಿತ್ತು. ಆಮೇಲೆ 1999ರಲ್ಲಿ ಪ್ರತಿಕೂಲ ಹವಾಮಾನಕ್ಕೆ ಸಿಕ್ಕಿ ಹತ್ತಾರು ಸಾವಿರ ಹಾವುಗಳು ಸತ್ತವು. ಕೆಟ್ಟ ಹವೆಯ ಒಂದೇ ವರ್ಷ ಒಂದು ಸೀಮೆಯ ಇಡೀ ಹಾವಿನ ಸಂತತಿಯನ್ನು ಹೀಗೆ ಕುಗ್ಗಿಸಬಲ್ಲುದೆಂದರೆ, ಎಲ್ಲ ಹಾವುಗಳೂ ಕೆಲವೇ ಬಿರುಕುಗಳನ್ನು ನೆಚ್ಚಿಕೊಂಡಿರುವುದೇ ಅದಕ್ಕೆ ಕಾರಣ. ಆದ್ದರಿಂದ ಹಾವುಗಳನ್ನು ಉಳಿಸಬೇಕೆಂದು ಸಾಮಾನ್ಯವಾಗಿ ಹೇಳುವುದು ಸಾಲದು. ಬಿಲವನ್ನೂ, ಜೌಗನ್ನೂ, ಅವೆರಡರ ನಡುವಿನ ದಾರಿಯನ್ನೂ ಒಟ್ಟಿಗೆ ಉಳಿಸಬೇಕು. ಹೆದ್ದಾರಿಯ ಕೆಳಗೆ ಕೊರೆದ ಸಣ್ಣ ಸುರಂಗಗಳೂ ಹಾವುಗಳನ್ನು ಅವುಗಳ ಕಡೆಗೆ ತಿರುಗಿಸುವ ತಗ್ಗಾದ ಬೇಲಿಗಳೂ ಮಾಡುತ್ತಿರುವುದು ಈ ಕೆಲಸವನ್ನೇ, ಮತ್ತು ಅವು ಬಂದ ಮೇಲೆ ರಸ್ತೆಯ ಸಾವುಗಳು ಬಹಳ ಕಡಿಮೆಯಾಗಿವೆ. ಬಿಲಗಳನ್ನು ನೋಡಲು ಬಂದವರಲ್ಲಿ ಹೆಚ್ಚಿನವರು ಆ ಬೇಲಿಯ ಕಡೆಗೆ ತಿರುಗಿಯೂ ನೋಡುವುದಿಲ್ಲ. ನಾನು ವಾಪಸಾಗುವಾಗ ರಸ್ತೆಯ ಬದಿಯಲ್ಲಿ ಅದರ ಪಕ್ಕಕ್ಕೇ ನಿಂತು ನೋಡಿದೆ: ಮೊಣಕಾಲೆತ್ತರವೂ ಇಲ್ಲದ ಸಾದಾ ತಡೆ, ಅದರ ಬುಡವನ್ನೇ ಹಿಡಿದು ಹರಿಯುತ್ತಿದ್ದ ಒಂದು ಹಾವು. ಇಡೀ ಜಾಗದಲ್ಲಿ ಮನುಷ್ಯರು ಕಟ್ಟಿದ್ದರಲ್ಲಿ ನನಗೆ ಅತ್ಯಂತ ಗೌರವ ಹುಟ್ಟಿಸಿದ್ದು ಅದು.

ಹೋಗಬಯಸುವವರು ದಿನಾಂಕಕ್ಕಿಂತ ಹವೆಯನ್ನು ನೋಡಿ ಹೊರಡುವುದು ಒಳ್ಳೆಯದು. ಮೇ ತಿಂಗಳ ಮೊದಲ ಅರ್ಧದಲ್ಲಿ ಬಿಸಿಲಿರುವ, ಗಾಳಿಯಿಲ್ಲದ ಮಧ್ಯಾಹ್ನವೇ ಸರಿಯಾದ ಹೊತ್ತು. ಮೋಡ ಮುಚ್ಚಿದರೆ ಹಾವುಗಳು ಕಲ್ಲಿನೊಳಕ್ಕೆ ಹಿಂತಿರುಗುತ್ತವೆ. ನಡೆಯುವಾಗ ಕಣ್ಣು ಕಾಲಿನ ಮೇಲಿರಬೇಕು, ಏಕೆಂದರೆ ಹೊರಟ ಹೆಣ್ಣುಗಳು ಕಾಲುದಾರಿಯನ್ನು ಅಡ್ಡ ಹಾಯುತ್ತಲೇ ಇರುತ್ತವೆ. ಅವುಗಳನ್ನು ಎತ್ತಿಕೊಂಡು ಚಿತ್ರ ತೆಗೆಸಿಕೊಳ್ಳುವ ಆಸೆಯನ್ನು ತಡೆದುಕೊಳ್ಳಬೇಕೆಂದು ನನ್ನ ಕೋರಿಕೆ: ತಿಂಗಳುಗಳಿಂದ ಏನನ್ನೂ ತಿನ್ನದೆ ಜೌಗಿನ ಕಡೆಗೆ ಹೊರಟಿರುವ ಪ್ರಾಣಿಗೆ ಆ ಕೆಲವು ನಿಮಿಷಗಳ ಗಾಬರಿಯೂ ಒಂದು ಖರ್ಚೇ. ವಸಂತದಲ್ಲಿ ಹೋಗಲಾಗದವರು ಸೆಪ್ಟೆಂಬರ್ ತಿಂಗಳಲ್ಲಿ ಹೋಗಬಹುದು. ಆಗ ಮಿಲನದ ಉಂಡೆಗಳು ಇರುವುದಿಲ್ಲ, ಸಂದರ್ಶಕರೂ ಕಡಿಮೆ. ಬೇಸಿಗೆಯಿಡೀ ತಿಂದು ಮೈತುಂಬಿಕೊಂಡ ಹಾವುಗಳು ಬಿಲದ ಬಾಯಿಯ ಸುತ್ತ ಬಿಸಿಲು ಕಾಯಿಸುತ್ತ, ನೆಲ ತಣ್ಣಗಾಗುವವರೆಗೆ ಹೊರಗೇ ಇರುತ್ತವೆ.